ಷಿಕಾಗೋ ಬಾನುಲಿಯ ಸಂಭಾಷಣೆಗಳು: ಇತಿಹಾಸದ ಆಕರವಾಗಿ ಸ್ಟಡ್ಸ್ ಟರ್ಕೆಲ್ಲರ ಕೃತಿ

ಶಾಸನಗಳನ್ನೂ ಕಡತಗಳನ್ನೂ ನೆಚ್ಚಿ ಬೆಳೆದ ನಮ್ಮ ಇತಿಹಾಸಾಧ್ಯಯನವು ಆಡಿದ ಮಾತಿಗೂ ಬರೆದ ಮಾತಿಗೂ ಇರುವ ಅಂತರವನ್ನು ಗಂಭೀರವಾಗಿ ಪರಿಗಣಿಸಿದ್ದು ಕಡಮೆ. ಬಾಯಿಮಾತನ್ನು ಆಧಾರವಾಗಿ ಅಂಗೀಕರಿಸುವ ವಿದ್ವಾಂಸರು ಸಹ ಅದು ಅಚ್ಚಿಗೆ ಬಂದ ಮೇಲೆ ಅಂಗೀಕರಿಸುತ್ತಾರೆಯೇ ಹೊರತು, ನುಡಿದ ಗಳಿಗೆಯಲ್ಲಿ ಅದು ಹೇಗಿತ್ತು, ಯಾರ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು ಎಂಬುದನ್ನು ವಿಚಾರಿಸುವುದಿಲ್ಲ. ಈ ಪ್ರಶ್ನೆಯನ್ನೆತ್ತುವುದಕ್ಕೆ ಅಮೆರಿಕದ ಷಿಕಾಗೋ ನಗರದ ಸ್ಟಡ್ಸ್ ಟರ್ಕೆಲ್ ಅವರ ಬಾನುಲಿ ಸಂಭಾಷಣೆಗಳಿಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ. 1952ರಿಂದ 1997ರವರೆಗೆ, ಎಂದರೆ ನಲವತ್ತೈದು ವರ್ಷಗಳ ಕಾಲ, ಅವರು ಡಬ್ಲ್ಯುಎಫ್‌ಎಂಟಿ ಎಂಬ ಒಂದೇ ನಿಲಯದಿಂದ ಊರಿನ ರಾಜಕೀಯ, ವರ್ಣಭೇದ, ದುಡಿಯುವವರ ಬದುಕು, ಸಂಗೀತ, ನಾಟಕ, ಕಾದಂಬರಿ ಇವುಗಳನ್ನು ಕುರಿತು ಜನರೊಡನೆ ಮಾತನಾಡಿದರು. ಇವುಗಳಲ್ಲಿ ಐದು ಸಾವಿರಕ್ಕೂ ಮಿಕ್ಕ ಕಾರ್ಯಕ್ರಮಗಳು ಧ್ವನಿಮುದ್ರಿಕೆಯಲ್ಲಿ ಉಳಿದಿವೆ. ನಿಲಯವೂ ಷಿಕಾಗೋ ಇತಿಹಾಸ ವಸ್ತುಸಂಗ್ರಹಾಲಯವೂ ಕೂಡಿ 2018ರಲ್ಲಿ ಆ ಭಂಡಾರವನ್ನು ಅಂತರ್ಜಾಲದಲ್ಲಿ ಸಾರ್ವಜನಿಕರಿಗೆ ತೆರೆದವು. ಹಿಂದೆ ಪುಸ್ತಕಗಳ ಮೂಲಕವೇ ಟರ್ಕೆಲ್ಲರನ್ನು ಬಲ್ಲ ನಮಗೆ ಈಗ ಪುಸ್ತಕವನ್ನೂ ಧ್ವನಿಯನ್ನೂ ಎದುರುಬದುರಾಗಿಟ್ಟು ನೋಡುವ ಅವಕಾಶ ಒದಗಿದೆ.

ಟರ್ಕೆಲ್ 1912ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿ ಬಾಲ್ಯದಲ್ಲಿಯೇ ಷಿಕಾಗೋಕ್ಕೆ ಬಂದವರು. ತಾಯಿತಂದೆಗಳು ಅಲ್ಲಿ ಕೆಲಸಗಾರರು ತಂಗುವ ಸಾಮಾನ್ಯ ವಸತಿಗೃಹವೊಂದನ್ನು ನಡೆಸುತ್ತಿದ್ದರು. ಅದರ ಪಡಸಾಲೆಯಲ್ಲಿ ನಡೆಯುತ್ತಿದ್ದ ವಾಗ್ವಾದಗಳೇ ತಮ್ಮ ನಿಜವಾದ ಪಾಠಶಾಲೆಯೆಂದು ಅವರು ಹೇಳಿಕೊಂಡಿದ್ದುಂಟು. ನ್ಯಾಯಶಾಸ್ತ್ರದಲ್ಲಿ ಪದವಿ ಪಡೆದರೂ ವಕೀಲಿಗೆ ಇಳಿಯಲಿಲ್ಲ. 1950ರ ದಶಕದ ಆರಂಭದಲ್ಲಿ, ಎಡಪಂಥೀಯರೆಂದು ಶಂಕೆಗೆ ಒಳಗಾದವರನ್ನು ಬೇಟೆಯಾಡುತ್ತಿದ್ದ ಕಾಲದಲ್ಲಿ, ಕೆಲವು ಮನವಿಪತ್ರಗಳಿಗೆ ರುಜು ಹಾಕಿದ್ದ ಕಾರಣದಿಂದ ಅವರ ದೂರದರ್ಶನ ಕಾರ್ಯಕ್ರಮ ನಿಂತುಹೋಯಿತು. ಆಗ ಆಶ್ರಯ ಕೊಟ್ಟದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆಂದು ಹೊಸದಾಗಿ ಹುಟ್ಟಿದ್ದ ಈ ಚಿಕ್ಕ ನಿಲಯ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಅದರ ಪರಿಣಾಮವನ್ನು ಮುಂದೆ ನೋಡಲಿದ್ದೇವೆ.

ಅವರ ವಿಧಾನದ ಸತ್ತ್ವವನ್ನು ತಿಳಿಯಲು 1961ರಲ್ಲಿ ಜೇಮ್ಸ್ ಬಾಲ್ಡ್ವಿನ್ನರೊಡನೆ ನಡೆಸಿದ ಸಂಭಾಷಣೆಯೊಂದೇ ಸಾಕು. ಬಾಲ್ಡ್ವಿನ್ನರ ಪ್ರಬಂಧಸಂಕಲನವೊಂದು ಆ ವರ್ಷ ಪ್ರಕಟವಾಗಿತ್ತು. ಬೇರೊಬ್ಬರಾಗಿದ್ದರೆ ವರ್ಣಸಮಸ್ಯೆಯ ಬಗೆಗೆ ತಮ್ಮ ಅಭಿಪ್ರಾಯವೇನೆಂದು ನೇರವಾಗಿ ಕೇಳುತ್ತಿದ್ದರು. ಟರ್ಕೆಲ್ ಮೊದಲು ಬೆಸ್ಸಿ ಸ್ಮಿತ್ ಹಾಡಿದ ಪ್ರವಾಹದ ಹಾಡೊಂದರ ತಟ್ಟೆಯನ್ನು ನುಡಿಸುತ್ತಾರೆ. ಮನೆಮಠ ಕಳೆದುಕೊಂಡ ಹೆಂಗಸಿನ ಆ ಹಾಡನ್ನು ಕೇಳಿದ ಬಾಲ್ಡ್ವಿನ್, ತಾವು ಸ್ವಿಟ್ಸರ್ಲೆಂಡಿನ ಬೆಟ್ಟದ ಹಳ್ಳಿಯೊಂದಕ್ಕೆ ಬೆರಳಚ್ಚು ಯಂತ್ರವನ್ನೂ ಈಕೆಯ ತಟ್ಟೆಗಳನ್ನೂ ಒಯ್ದು, ಅಲ್ಲಿ ತಮ್ಮ ಮೊದಲ ಕಾದಂಬರಿಯನ್ನು ಮುಗಿಸಿದ ವೃತ್ತಾಂತವನ್ನು ಹೇಳತೊಡಗುತ್ತಾರೆ. ಸ್ವದೇಶದಲ್ಲಿದ್ದಾಗ ಈ ಗಾಯನವನ್ನು ಅವರು ಕಿವಿಗೆ ಹಾಕಿಕೊಂಡವರಲ್ಲ. ತಮ್ಮ ಹುಟ್ಟಿನ ಬಗೆಗೆ ನಾಚಿಕೆಯಿತ್ತು. ದೂರದ ಮಂಜಿನ ನಾಡಿನಲ್ಲಿ, ತಮ್ಮವರ ನುಡಿಯ ಲಯ ಆ ಹಾಡಿನಿಂದ ಅವರಿಗೆ ಮರಳಿ ದೊರೆಯಿತು. ಸಾಮಾಜಿಕ ನ್ಯಾಯವೆಂಬುದು ಒಂದು ವಿಷಯ, ಕಲೆಯೆಂಬುದು ಇನ್ನೊಂದು ವಿಷಯ ಎಂದು ವಿಭಾಗಿಸುವ ಪಠ್ಯಕ್ರಮಗಳಿಗೆ ಇಲ್ಲಿ ಉತ್ತರವಿದೆ. ಅಪಮಾನಿತನಾದ ಮನುಷ್ಯನು ತನ್ನ ತಾಯಿಯ ಕಡೆಯ ಮಾತನ್ನೇ ಅಸಹ್ಯಿಸುವಂತಾಗುವುದು ರಾಜಕೀಯದ ಸಂಗತಿ. ಅದು ಬಯಲಾದದ್ದು ಒಂದು ಹಾಡಿನ ನೆಪದಿಂದ. ತಟ್ಟೆಯನ್ನು ಆರಿಸಿದವರು ಟರ್ಕೆಲ್ ಎಂಬುದನ್ನು ಮರೆತರೆ ಈ ಸಾಕ್ಷ್ಯದ ಅರ್ಧವನ್ನು ಮರೆತಂತೆ.

ಹೀಗೆ ಮರೆಯುವಂತೆ ಮಾಡಿದವರು ಟರ್ಕೆಲ್ಲರೇ ಎಂಬುದು ನನ್ನ ಮುಖ್ಯ ಆಕ್ಷೇಪಣೆ. ಅವರಿಗೆ ಜಗತ್ಪ್ರಸಿದ್ಧಿ ತಂದ ‘ಡಿವಿಷನ್ ಸ್ಟ್ರೀಟ್: ಅಮೆರಿಕ’ (1967), ‘ಹಾರ್ಡ್ ಟೈಮ್ಸ್’ (1970), ‘ವರ್ಕಿಂಗ್’ (1974) ಮೊದಲಾದ ಗ್ರಂಥಗಳಲ್ಲಿ ಪ್ರಶ್ನೆಗಳು ಬಹುಮಟ್ಟಿಗೆ ಕಾಣಿಸುವುದಿಲ್ಲ. ಮಾತುಗಳನ್ನು ಕತ್ತರಿಸಿ, ಹಿಂದುಮುಂದು ಮಾಡಿ, ಒಬ್ಬನೇ ತಡೆಯಿಲ್ಲದೆ ನುಡಿದಂತೆ ಜೋಡಿಸಲಾಗಿದೆ. ಓದುವುದಕ್ಕೆ ಇದು ಸೊಗಸು, ಸಂದೇಹವಿಲ್ಲ. ಆದರೆ ಸಂಭಾಷಣೆಯು ಇಲ್ಲಿ ಸ್ವಗತವಾಗಿ ಮಾರ್ಪಟ್ಟಿದೆ. ‘ವರ್ಕಿಂಗ್’ ಗ್ರಂಥಕ್ಕಾಗಿ ಮಾಡಿದ ಮೂಲ ಧ್ವನಿಮುದ್ರಿಕೆಗಳಲ್ಲಿ ಕೆಲವು 2016ರಲ್ಲಿ ಬಾನುಲಿಯಲ್ಲಿ ಪ್ರಸಾರವಾದವು. ಪುಸ್ತಕದಲ್ಲಿ ಅಡಗಿದ್ದ ಪ್ರಶ್ನಕಾರನು ಅವುಗಳಲ್ಲಿ ಪ್ರತ್ಯಕ್ಷನಾಗುತ್ತಾನೆ: ಹೂಂಗುಟ್ಟುತ್ತಾನೆ, ನಗುತ್ತಾನೆ, ನಡುವೆ ಬಾಯಿ ಹಾಕುತ್ತಾನೆ. ಬಾನುಲಿಯ ಟರ್ಕೆಲ್ ಸುಮ್ಮನೆ ಕೇಳುವ ಸ್ವಭಾವದವರೇ ಅಲ್ಲ. ಅತಿಥಿಯು ಅರ್ಧ ಹೇಳಿದುದನ್ನು ತಾವೇ ಪೂರ್ತಿ ಮಾಡುತ್ತಾರೆ. ತಮಗೆ ಒಪ್ಪಿಗೆಯಾದ ಮಾತನ್ನು ಉತ್ಸಾಹದಿಂದ ಪುನರುಚ್ಚರಿಸುತ್ತಾರೆ. ಕೆಲವೊಮ್ಮೆ ಇದು ಬೇಸರ ತರಿಸುವುದೂ ಉಂಟು. ಆದರೆ ಈ ದೋಷ ಕಿವಿಗೆ ಸ್ಪಷ್ಟವಾಗಿ ಕೇಳಿಸುವುದರಿಂದಲೇ ಇತಿಹಾಸಜ್ಞನಿಗೆ ಅಪಾಯ ಕಡಮೆ. ಅಚ್ಚಿನಲ್ಲಿ ದೋಷವಿದೆ, ಕೇಳಿಸುವುದಿಲ್ಲ.

‘ಹಾರ್ಡ್ ಟೈಮ್ಸ್’ ಗ್ರಂಥವನ್ನು ಕುರಿತು ಮೈಕೇಲ್ ಫ್ರಿಷ್ ಎಂಬ ಇತಿಹಾಸಕಾರರು 1972ರಲ್ಲಿಯೇ, ಇದು 1930ರ ದಶಕದ ವೃತ್ತಾಂತಕ್ಕಿಂತ ಹೆಚ್ಚಾಗಿ ಆ ದಶಕವನ್ನು ಜನ ಹೇಗೆ ನೆನೆದರೆಂಬುದರ ವೃತ್ತಾಂತವೆಂದು ವಾದಿಸಿದ್ದರು. ಈ ವಾದ ಸರಿಯಾದುದೇ. ಆದರೆ ನೆನಪನ್ನು ಕೆದಕಿದ ಪ್ರಶ್ನೆಯನ್ನು ತೆಗೆದುಹಾಕಿದರೆ, ನೆನಪಿನ ಇತಿಹಾಸವನ್ನು ಕೂಡ ಬರೆಯಲಾಗದು ಎಂದು ಅದಕ್ಕೆ ಸೇರಿಸಬೇಕು.

‘ಡಿವಿಷನ್ ಸ್ಟ್ರೀಟ್’ ಗ್ರಂಥದ ಆರಂಭದಲ್ಲಿ ಬರುವ ಫ್ಲಾರೆನ್ಸ್ ಸ್ಕಾಲಾ ಅವರ ಮಾತು ವಿಶ್ವವಿದ್ಯಾನಿಲಯದವರಾದ ನಮಗೆ ವಿಶೇಷವಾಗಿ ತಟ್ಟತಕ್ಕದ್ದು. ಈಕೆ ಇಟಲಿಯಿಂದ ವಲಸೆ ಬಂದ ದರ್ಜಿಯೊಬ್ಬನ ಮಗಳು. ಜೇನ್ ಆಡಮ್ಸ್ 1889ರಲ್ಲಿ ಸ್ಥಾಪಿಸಿದ ಹಲ್ ಹೌಸ್ ಎಂಬ ಸೇವಾಕೇಂದ್ರದ ನೆರಳಿನಲ್ಲಿ ಬೆಳೆದವರು. ಆ ಕೇರಿಯನ್ನು ಉತ್ತಮಪಡಿಸುವ ಯೋಜನೆಗೆ ಈಕೆಯೂ ದುಡಿದಿದ್ದರು. 1961ರಲ್ಲಿ ಮೇಯರ್ ರಿಚರ್ಡ್ ಡೇಲಿಯವರ ಆಡಳಿತವು ಅದೇ ಕೇರಿಯನ್ನು ಇಲಿನಾಯ್ ವಿಶ್ವವಿದ್ಯಾನಿಲಯದ ನಗರ ಆವರಣಕ್ಕೆಂದು ಗೊತ್ತುಮಾಡಿತು. ಸ್ಕಾಲಾ ಹೆಂಗಸರನ್ನು ಕೂಡಿಸಿಕೊಂಡು ಪ್ರತಿಭಟಿಸಿದರು, ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು, ಸೋತರು. ಸಾವಿರಾರು ಜನ ನೆಲೆ ತಪ್ಪಿದರು. 1965ರಲ್ಲಿ ಆವರಣ ತೆರೆಯಿತು. ಹಲ್ ಹೌಸಿನ ಹಲವು ಕಟ್ಟಡಗಳಲ್ಲಿ ಉಳಿದವು ಎರಡು. ಈಕೆಯ ನೋವಿನ ತಿರುಳು ಮೇಯರರ ಮೇಲಿನ ಸಿಟ್ಟಲ್ಲ. ತಮ್ಮವರೆಂದು ನಂಬಿದ್ದ ಹಲ್ ಹೌಸಿನ ಪ್ರತಿಷ್ಠಿತ ಧರ್ಮದರ್ಶಿಗಳು ಕೈಬಿಟ್ಟರೆಂಬುದು. ನಗರಸಭೆಯ ಕಡತದಲ್ಲಿ ಇಂಥ ಸಂಗತಿಗೆ ಸ್ಥಾನವಿಲ್ಲ. ಇದಕ್ಕೆ ಎದುರಾಗಿ, 1946ರಿಂದಲೂ ಬಂದರುಕಟ್ಟೆಯೊಂದರ ಮೇಲಿನ ತಾತ್ಕಾಲಿಕ ಸ್ಥಳದಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳಿಗೆ ಶಾಶ್ವತ ವಿದ್ಯಾಲಯ ಬೇಕಾಗಿದ್ದುದೂ ನಿಜ. ಅದನ್ನು ಸ್ಕಾಲಾ ಅವರ ಬಾಯಿಂದ ನಿರೀಕ್ಷಿಸುವುದು ಅನ್ಯಾಯ. ಆ ಪಕ್ಷವನ್ನು ಇತಿಹಾಸಜ್ಞನೇ ಬೇರೆಡೆ ಹುಡುಕಿಕೊಳ್ಳಬೇಕು. ಟರ್ಕೆಲ್ಲರ ಸಹಾನುಭೂತಿ ಎತ್ತಕಡೆಯೆಂಬುದಂತೂ ಗುಟ್ಟಲ್ಲ.

ಇನ್ನು ನಿಲಯದ ವಿಚಾರ. ಶಾಸ್ತ್ರೀಯ ಸಂಗೀತದ ನಿಲಯವನ್ನು ಕೇಳುತ್ತಿದ್ದವರು ಬಹುಪಾಲು ವಿದ್ಯಾವಂತರು, ಅನುಕೂಲಸ್ಥರು. ಹೀಗಾಗಿ ಬಡವರ ಮಾತು ಬಡವರಿಗಿಂತ ಹೆಚ್ಚಾಗಿ ಉಳ್ಳವರ ಮನೆಗಳಲ್ಲಿ ಮೊಳಗಿತು. ಅದೇ ನಗರದಲ್ಲಿ 1963ರಲ್ಲಿ ಆರಂಭವಾದ ಡಬ್ಲ್ಯುವಿಒಎನ್ ನಿಲಯದಲ್ಲಿ ವೆಸ್ಲಿ ಸೌತ್ ಅವರು ಕಪ್ಪುವರ್ಣೀಯ ಶ್ರೋತೃಗಳಿಂದ ದೂರವಾಣಿಯ ಮೂಲಕ ಪ್ರಶ್ನೆಗಳನ್ನು ಬರಮಾಡಿಕೊಳ್ಳುತ್ತಿದ್ದರು. ಅಲ್ಲಿ ಕೇಳುವವನೇ ಮಾತನಾಡುವವನೂ ಆದನು. ನಗರದ ಹಕ್ಕುಗಳ ಹೋರಾಟವನ್ನು ಟರ್ಕೆಲ್ಲರ ಭಂಡಾರವೊಂದರಿಂದಲೇ ತಿಳಿಯಹೊರಟವರು ಈ ಎರಡನೆಯ ಧ್ವನಿಯನ್ನು ಕಳೆದುಕೊಳ್ಳುತ್ತಾರೆ.

ಈ ವಿಮರ್ಶೆಗೆ ನಮ್ಮ ನಾಡಿನ ಪ್ರಸಕ್ತಿಯಿದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 30 ವಾಟ್ ಶಕ್ತಿಯ ಪ್ರೇಷಕದಲ್ಲಿ ಪ್ರಸಾರ ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ನಿಲಯದಿಂದ. ಆ ಮಾತುಗಳು ಧ್ವನಿಸುರುಳಿಯ ಯಂತ್ರ ನಮ್ಮಲ್ಲಿಗೆ ಬರುವ ಮುನ್ನ ಗಾಳಿಯಲ್ಲಿ ಹೋದಂಥವು. ಪ್ರಸಾರತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ತೀರ್ಪಿತ್ತಿತು; 2006ರ ನಿಯಮಗಳು ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಪರವಾನಗಿ ದೊರಕಿಸಿದವು. ಅದೇ ನಿಯಮಗಳು ಸುದ್ದಿಯನ್ನೂ ರಾಜಕೀಯ ಸ್ವರೂಪದ ಪ್ರಚಲಿತ ವಿದ್ಯಮಾನಗಳನ್ನೂ ನಿಷೇಧಿಸಿದ್ದರಿಂದ, ಊರಿನ ರಾಜಕೀಯವು ಇಂಥ ನಿಲಯಗಳಲ್ಲಿ ನೀರು, ರಸ್ತೆ, ಕೂಲಿ, ಜಾತ್ರೆ, ಜನಪದ ಗೀತೆ ಎಂಬ ಹೆಸರುಗಳಲ್ಲಿ ಒಳಬರಬೇಕಾಗುತ್ತದೆ. ಅದನ್ನು ಗುರುತಿಸಲು ಸಿದ್ಧಪಡಿಸಿದ ಕಾರ್ಯಕ್ರಮ ಸಾಲದು; ಕೇಳಿದ ಪ್ರಶ್ನೆ, ನಡುವಿನ ಮೌನ, ಕೈಬಿಟ್ಟ ಉತ್ತರ ಇವುಗಳೂ ಬೇಕು. ಆದರೆ ನಮ್ಮ ಸಂಶೋಧನ ವಿದ್ಯಾರ್ಥಿಗಳು ಹಿರಿಯರ ನೆನಪುಗಳನ್ನು ಸಂಗ್ರಹಿಸಿ ಪ್ರಬಂಧಕ್ಕೆ ಅನುಬಂಧವಾಗಿ ಸೇರಿಸುವಾಗ, ಟರ್ಕೆಲ್ಲರ ಗ್ರಂಥಗಳ ಮಾದರಿಯಲ್ಲಿಯೇ, ತಮ್ಮ ಪ್ರಶ್ನೆಗಳನ್ನು ಅಳಿಸಿ ಮಾತನ್ನು ತಿದ್ದಿ ಒಪ್ಪಿಸುವುದುಂಟು. ಪರೀಕ್ಷಕರು ಅದನ್ನು ಅಚ್ಚುಕಟ್ಟೆಂದು ಮೆಚ್ಚುವುದೂ ಉಂಟು. ಅನುಬಂಧದಲ್ಲಿ ಪ್ರಶ್ನೆ, ದಿನಾಂಕ, ಆಗ ಅಲ್ಲಿದ್ದ ಇತರರ ಉಲ್ಲೇಖ ಇವಿಷ್ಟನ್ನು ಕಡ್ಡಾಯ ಮಾಡುವುದು, ಮೂಲ ಧ್ವನಿಮುದ್ರಣದ ಒಂದು ಪ್ರತಿಯನ್ನು ಪ್ರಬಂಧದ ಜೊತೆಯಲ್ಲಿಯೇ ವಿಭಾಗದ ಗ್ರಂಥಾಲಯಕ್ಕೆ ಪಡೆದುಕೊಳ್ಳುವುದು, ಸಮೀಪದ ಸಮುದಾಯ ನಿಲಯಗಳಿಂದಲೂ ಸಂಕಲನಕ್ಕೆ ಮುನ್ನಿನ ಮುದ್ರಣಗಳನ್ನು ಕೇಳಿಕೊಳ್ಳುವುದು: ಇವುಗಳಿಗೆ ಈಗ ತಗಲುವ ವೆಚ್ಚ ಒಂದು ಶಾಸನದ ಅಚ್ಚು ತೆಗೆಯಲು ಹಳ್ಳಿಗೆ ಹೋಗಿಬರುವ ವೆಚ್ಚಕ್ಕಿಂತ ಹೆಚ್ಚಾಗಲಾರದು.