ಸೆಡಾನ್ ಕಾರು: ಬ್ರೋಷರ್ ಹೇಳುವುದೇನು, ಲೆಕ್ಕ ಹೇಳುವುದೇನು?

"ಸಾರ್, ಹೋಂಡಾ ಸಿಟಿ ತಗೋಬಹುದಾ? ಹೊಸದು ತಗೊಳ್ಳಲಾ, ಸೆಕೆಂಡ್ ಹ್ಯಾಂಡಾ?"

ಸ್ಟಾಫ್ ರೂಮಿನಲ್ಲಿ ಭೌತಶಾಸ್ತ್ರದ ಮೇಷ್ಟರಿಗೆ ಇಂಥ ಪ್ರಶ್ನೆ ಬರುವುದು ಹೊಸದಲ್ಲ. ಯುಪಿಎಸ್ ಬ್ಯಾಟರಿ, ಸೋಲಾರ್ ಹೀಟರ್ ಎಲ್ಲವೂ ನಮ್ಮ ಪಾಲಿಗೇ. ಆದರೆ ಈ ಪ್ರಶ್ನೆಗೆ ನಾನು ಥಟ್ಟನೆ ಉತ್ತರ ಕೊಡಲಿಲ್ಲ. 2023ರಲ್ಲಿ ನಾನೇ ಇದೇ ಕಾರಿನ ಹಿಂದೆ ಬಿದ್ದು, ಮೋಸ ಹೋಗುವುದರಿಂದ ಕೂದಲೆಳೆಯಲ್ಲಿ ಪಾರಾಗಿದ್ದೆ. ಆ ಕಥೆ ಮುಂದೆ ಬರುತ್ತದೆ. ಮೊದಲು ಕಾರನ್ನು ನೋಡೋಣ.

ಸಿಟಿ ಭಾರತಕ್ಕೆ ಬಂದದ್ದು 1998ರಲ್ಲಿ. ಅಂದಿನಿಂದ ಮಧ್ಯಮ ಗಾತ್ರದ ಸೆಡಾನ್ ಎಂದರೆ ಜನ ಇದನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ. 2020ರಲ್ಲಿ ಬಂದ ಐದನೆಯ ಪೀಳಿಗೆಯ ಪೆಟ್ರೋಲ್ ಸಿಟಿಯ ಬ್ರೋಷರ್ ತೆರೆಯಿರಿ. ಎಂಜಿನ್ 1.5 ಲೀಟರ್, ಸಾಮರ್ಥ್ಯ 6600 ಆರ್‌ಪಿಎಂನಲ್ಲಿ 121 ಪಿಎಸ್, ಟಾರ್ಕ್ 4300 ಆರ್‌ಪಿಎಂನಲ್ಲಿ 145 ನ್ಯೂಟನ್ ಮೀಟರ್, ಮೈಲೇಜ್ 17.8. ಓದುವವರು 121 ಎಂಬ ಸಂಖ್ಯೆಗೆ ಮರುಳಾಗುತ್ತಾರೆ. ಅದರ ಪಕ್ಕದಲ್ಲಿರುವ 6600ನ್ನು ಯಾರೂ ನೋಡುವುದಿಲ್ಲ.

ಸಾಮರ್ಥ್ಯ ಎಂದರೆ ಟಾರ್ಕ್ ಮತ್ತು ಕೋನೀಯ ವೇಗದ ಗುಣಲಬ್ಧ. ಇದು ಪಿಯುಸಿಯ ಪಾಠ. 121 ಪಿಎಸ್ ಎಂದರೆ 89 ಕಿಲೋವ್ಯಾಟ್. ಅದನ್ನು ಪಡೆಯಲು ಎಂಜಿನ್ನನ್ನು ನಿಮಿಷಕ್ಕೆ 6600 ಸುತ್ತು ತಿರುಗಿಸಬೇಕು. ನಮ್ಮಲ್ಲಿ ಸಂಸಾರಸ್ಥರು ಯಾರೂ ಹಾಗೆ ಓಡಿಸುವುದಿಲ್ಲ. 2000 ದಾಟಿದರೆ ಗೇರ್ ಬದಲಿಸುತ್ತಾರೆ. ಈಗ ಫೋಕ್ಸ್‌ವ್ಯಾಗನ್ ವರ್ಟಸ್ ಅಥವಾ ಸ್ಕೋಡಾ ಸ್ಲಾವಿಯಾದ 1 ಲೀಟರ್ ಟರ್ಬೊ ಎಂಜಿನ್ನನ್ನು ಪಕ್ಕಕ್ಕಿಡಿ. ಸಾಮರ್ಥ್ಯ 115 ಪಿಎಸ್, ಅಂದರೆ ಕಾಗದದ ಮೇಲೆ ಸಿಟಿಗಿಂತ ಕಡಿಮೆ. ಆದರೆ 178 ನ್ಯೂಟನ್ ಮೀಟರ್ ಟಾರ್ಕ್ 1750 ಆರ್‌ಪಿಎಂಗೇ ಸಿಗುತ್ತದೆ. ಆ ವೇಗದಲ್ಲಿ ಅದರ ಸಾಮರ್ಥ್ಯ 32.6 ಕಿಲೋವ್ಯಾಟ್. ಸಿಟಿಗೆ ಅದರ ಗರಿಷ್ಠ ಟಾರ್ಕ್ ಅಷ್ಟನ್ನೂ 1750ರಲ್ಲೇ ದಾನ ಮಾಡಿದರೂ 26.6 ಕಿಲೋವ್ಯಾಟ್ ಆಗುತ್ತದೆ. ನಿಜವಾಗಿ ಅದಕ್ಕಿಂತ ಕಡಿಮೆಯೇ. ನಾಲ್ಕು ಜನ ಕೂತು, ಲಗೇಜು ತುಂಬಿ, ಶಿರಾಡಿ ಘಾಟಿಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಾಗ "ಕಾರು ಎಳೆಯುವುದಿಲ್ಲ" ಅನಿಸುವುದು ಈ ಕಾರಣಕ್ಕೆ.

ಹಾಗಾದರೆ ಸಿಟಿಯ ಎಂಜಿನ್ ದುರ್ಬಲವೇ? ಅಲ್ಲ. ನೂರಕ್ಕೆ 7ರ ಏರಿನಲ್ಲಿ, ಒಟ್ಟು 1450 ಕಿಲೋಗ್ರಾಂ ರಾಶಿಯನ್ನು ಗಂಟೆಗೆ 40 ಕಿಮೀ ವೇಗದಲ್ಲಿ ಒಯ್ಯಲು ಬೇಕಾದದ್ದು ಸುಮಾರು 13.5 ಕಿಲೋವ್ಯಾಟ್ ಮಾತ್ರ. ಲಾರಿಯನ್ನು ಹಿಂದೆ ಹಾಕಬೇಕಾದಾಗ ಹೆಚ್ಚು ಬೇಕು. ಎರಡನೆಯ ಗೇರಿಗೆ ಇಳಿಸಿ, ಎಂಜಿನ್ ಕೂಗಿದರೆ ಕೂಗಲಿ ಎಂದು ಬಿಟ್ಟರೆ ಅದು ಧಾರಾಳವಾಗಿ ಸಿಗುತ್ತದೆ. ನಾವು ಕೂಗಿಗೆ ಹೆದರುತ್ತೇವೆ. 2003ರ ಸಿಟಿಯಲ್ಲಿ ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ ಇದ್ದ ಎಂಜಿನ್ ಇತ್ತು. ಸಾಮರ್ಥ್ಯ 77 ಪಿಎಸ್, ಆದರೆ ಗರಿಷ್ಠ ಟಾರ್ಕ್ 2700 ಆರ್‌ಪಿಎಂಗೇ ಸಿಗುತ್ತಿತ್ತು. ಅದನ್ನು ಓಡಿಸಿದವರು ಈಗಲೂ ಹೊಗಳುವುದು ಬರೀ ಹಳೆಯದರ ಮೋಹದಿಂದಲ್ಲ.

ಇನ್ನು ಮೈಲೇಜ್. 17.8 ಎಂಬುದು ಸುಳ್ಳಲ್ಲ, ಆದರೆ ಅದು ನಿಮ್ಮ ರಸ್ತೆಯದಲ್ಲ. ಪ್ರಯೋಗಶಾಲೆಯಲ್ಲಿ ರೋಲರುಗಳ ಮೇಲೆ ಕಾರನ್ನು ನಿಲ್ಲಿಸಿ, ಏಸಿ ಹಾಕದೆ, ನಿಗದಿಯಾದ ಚಕ್ರದಂತೆ ಓಡಿಸಿ ಅಳೆದದ್ದು. ಆ ಚಕ್ರದಲ್ಲಿ ಗರಿಷ್ಠ ವೇಗ 90 ಕಿಮೀ, ಸರಾಸರಿ ವೇಗ ಮೂವತ್ತರ ಆಸುಪಾಸು. ನಾವೇ ಒಂದು ಲೆಕ್ಕ ಮಾಡೋಣ. ಕಾರಿನ ಮೇಲೆ ಎರಡು ಮುಖ್ಯ ರೋಧ ಬಲಗಳು: ಟೈರಿನ ಉರುಳು ರೋಧ ಮತ್ತು ಗಾಳಿಯ ರೋಧ. ರಾಶಿ 1300 ಕಿಲೋಗ್ರಾಂ, ಉರುಳು ರೋಧದ ಗುಣಾಂಕ 0.012 ಎಂದು ಹಿಡಿಯಿರಿ. ಮೊದಲನೆಯ ಬಲ 153 ನ್ಯೂಟನ್. ಗಾಳಿಯ ರೋಧಕ್ಕೆ ಗುಣಾಂಕ 0.3, ಎದುರು ವಿಸ್ತೀರ್ಣ 2.2 ಚದರ ಮೀಟರ್ ಎಂದು ಹಿಡಿಯಿರಿ. ಗಂಟೆಗೆ 80 ಕಿಮೀ ವೇಗದಲ್ಲಿ ಅದು 196 ನ್ಯೂಟನ್; 100 ಕಿಮೀ ವೇಗದಲ್ಲಿ 305. ಒಂದು ಲೀಟರ್ ಪೆಟ್ರೋಲಿನಲ್ಲಿ 32 ಮೆಗಾಜೌಲ್ ಶಕ್ತಿ, ಅದರಲ್ಲಿ ಕಾಲುಭಾಗ ಚಕ್ರಕ್ಕೆ ತಲಪುತ್ತದೆ ಎಂದರೆ, 80ರಲ್ಲಿ ಲೀಟರಿಗೆ ಸುಮಾರು 23 ಕಿಮೀ, 100ರಲ್ಲಿ ಸುಮಾರು 17.5.

ಬೆಂಗಳೂರು–ಮೈಸೂರು ಹೆದ್ದಾರಿಯ 118 ಕಿಮೀಗೆ ಇದನ್ನು ಅನ್ವಯಿಸಿ. 80ರಲ್ಲಿ ಹೋದರೆ ಸುಮಾರು 88 ನಿಮಿಷ, 5.1 ಲೀಟರ್. 100ರಲ್ಲಿ ಹೋದರೆ 71 ನಿಮಿಷ, 6.7 ಲೀಟರ್. ಹದಿನೇಳು ನಿಮಿಷಕ್ಕೆ ಒಂದೂವರೆ ಲೀಟರಿಗೂ ಹೆಚ್ಚು ಪೆಟ್ರೋಲ್. ಇದು ವಿದ್ಯಾರ್ಥಿಗಳಿಗೆ ಕೊಡಬಹುದಾದ ಒಳ್ಳೆಯ ಸಮಸ್ಯೆ. ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸಿದಾಗ 32ರ ಬದಲು ಸುಮಾರು 30 ಮೆಗಾಜೌಲ್ ಹಾಕಿ ಮತ್ತೆ ಲೆಕ್ಕ ಮಾಡಿಸಿ. ಏಕೆಂದರೆ ಲೀಟರ್ ಎಥನಾಲ್‌ನಲ್ಲಿರುವುದು 21 ಮೆಗಾಜೌಲ್ ಅಷ್ಟೆ.

ಸೆಡಾನಿನ ನಿಜವಾದ ಗುಣ ಇರುವುದೂ ಇಲ್ಲೇ. ತಗ್ಗಾದ, ಹಿಂಬದಿ ಇಳಿಜಾರಾದ ಆಕಾರ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಎಸ್‌ಯುವಿ ಎಂದು ಮಾರುವ ಎತ್ತರದ ಪೆಟ್ಟಿಗೆಗಳಿಗೆ ವಿಸ್ತೀರ್ಣವೂ ಹೆಚ್ಚು, ಗುಣಾಂಕವೂ ಹೆಚ್ಚು. ಗುರುತ್ವ ಕೇಂದ್ರ ಕೆಳಗಿರುವುದರಿಂದ ತಿರುವಿನಲ್ಲಿ ಸೆಡಾನ್ ಹೆಚ್ಚು ಸ್ಥಿರ. ಇಷ್ಟಾದರೂ ಜನ ಎಸ್‌ಯುವಿಯ ಕಡೆಗೇ ಹೋಗಿದ್ದಾರೆ. "ಹಂಪ್‌ಗೆ ತಳ ತಾಗುತ್ತೆ ಸಾರ್" ಎಂಬುದು ಅವರ ಮೊದಲ ದೂರು.

ಈ ದೂರನ್ನೂ ಪರೀಕ್ಷಿಸೋಣ. ಸಿಟಿಯ ತಳ ನೆಲದಿಂದ ಸುಮಾರು 165 ಮಿಮೀ ಎತ್ತರದಲ್ಲಿದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.6 ಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಮೀ ಎತ್ತರ ಇರಬೇಕು, 17 ಮೀಟರ್ ತ್ರಿಜ್ಯದ ವೃತ್ತದ ತುಂಡಾಗಿರಬೇಕು. ಕಾರು ಅದರ ಮೇಲೆ ನಿಂತಾಗ 2.6 ಮೀಟರ್ ಜ್ಯಾ ಮತ್ತು ಕಂಸದ ನಡುವೆ ಉಳಿಯುವ ಉಬ್ಬು 5 ಸೆಂಮೀ ಮಾತ್ರ! ತುಂಬಿದ ಕಾರು 4 ಸೆಂಮೀ ಕುಸಿದರೂ ತಳ ತಾಗಬೇಕಾಗಿಲ್ಲ. ತಾಗುವುದು, ಊರವರು ರಾತ್ರೋರಾತ್ರಿ ಒಂದು ಮಾರು ಅಗಲಕ್ಕೆ ಕಟ್ಟಿದ ಗೋಡೆಗೆ. ನಮ್ಮ ಬಡಾವಣೆಯಲ್ಲೇ ಅಂಥವು ಮೂರಿವೆ. ಕಾರಿನ ತಪ್ಪಿಲ್ಲ, ಆದರೆ ತಳ ನಿಮ್ಮದು. ಅಂಥ ಉಬ್ಬುಗಳೇ ತುಂಬಿರುವ ದಾರಿ ನಿಮ್ಮದಾದರೆ ಸೆಡಾನ್ ಬೇಡ.

ಕಾರಿನ ಸಾಮಾನು ಪೆಟ್ಟಿಗೆಗೂ ಅಪಘಾತಕ್ಕೂ ನಾವು ಒಂದೇ ಪದ ಬಳಸುತ್ತೇವೆ: ಡಿಕ್ಕಿ. ಮೊದಲನೆಯ ಅರ್ಥದಲ್ಲಿ ಸಿಟಿ ಉತ್ತಮ. 506 ಲೀಟರ್ ಜಾಗ ಇದೆ. 2022ರಲ್ಲಿ ಬಂದ ಹೈಬ್ರಿಡ್ ಸಿಟಿಯಲ್ಲಿ ಬ್ಯಾಟರಿಗೆ ಜಾಗ ಕೊಟ್ಟು ಉಳಿದದ್ದು 306. ಹೈಬ್ರಿಡ್‌ನ ತತ್ತ್ವ ಸೊಗಸಾದದ್ದು. ಗಂಟೆಗೆ 50 ಕಿಮೀ ವೇಗದಲ್ಲಿರುವ 1400 ಕಿಲೋಗ್ರಾಂ ಕಾರಿನ ಚಲನ ಶಕ್ತಿ 135 ಕಿಲೋಜೌಲ್. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಇದು ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ಅರವತ್ತು ಸಲ ನಿಂತರೆ ಒಂದು ಲೀಟರ್ ಪೆಟ್ರೋಲ್ ಗಾಳಿಗೆ. ಹೈಬ್ರಿಡ್ ಇದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಬೆಂಗಳೂರಿನೊಳಗೆ ದಿನವೂ ಓಡಾಡುವವರಿಗೆ ಅದು ಸರಿ. ಕುಟುಂಬ ಸಮೇತ ಊರಿಗೆ ಹೋಗುವವರಿಗೆ, ಅಕ್ಕಿ ಚೀಲ ಎಲ್ಲಿಡುವುದು ಎಂಬ ಪ್ರಶ್ನೆ ಉಳಿಯುತ್ತದೆ.

ಎರಡನೆಯ ಅರ್ಥದ ಡಿಕ್ಕಿಯ ವಿಷಯ ಗಂಭೀರವಾದದ್ದು. ನಾಲ್ಕನೆಯ ಪೀಳಿಗೆಯ ಸಿಟಿಗೆ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2022ರ ಆರಂಭದಲ್ಲಿ ದೊಡ್ಡವರ ರಕ್ಷಣೆಗೆ 4 ನಕ್ಷತ್ರ ಸಿಕ್ಕಿತು. ಸ್ಲಾವಿಯಾ, ವರ್ಟಸ್‌ಗಳಿಗೆ 5 ಸಿಕ್ಕಿದವು. ಆದರೆ ಅದೇ ವರ್ಷ ಮುಂದೆ ಪರೀಕ್ಷೆಯ ನಿಯಮಗಳು ಬಿಗಿಯಾದವು. ಆ 5 ಬಂದದ್ದು ಹೊಸ ನಿಯಮದಡಿ. ಆದ್ದರಿಂದ ನಿಜವಾದ ಅಂತರ ಒಂದು ನಕ್ಷತ್ರಕ್ಕಿಂತ ಹೆಚ್ಚು. ಇನ್ನೊಂದು ಮಾತು. ಮುಂಭಾಗದ ಡಿಕ್ಕಿಯ ಪರೀಕ್ಷೆ ನಡೆಯುವುದು ಗಂಟೆಗೆ 64 ಕಿಮೀ ವೇಗದಲ್ಲಿ. 100ರಲ್ಲಿ ಚಲನ ಶಕ್ತಿ ಅದರ 2.4 ಪಟ್ಟು. ನಕ್ಷತ್ರಗಳು ಆ ವೇಗಕ್ಕೆ ಬರೆದ ಭರವಸೆಯಲ್ಲ. ಹಳೆಯ ಸಿಟಿ ಕೊಳ್ಳುವವರು ಏರ್‌ಬ್ಯಾಗ್ ಎಷ್ಟಿವೆ ಎಂದು ಕೇಳುವ ಮೊದಲು, ಹಿಂದಿನ ಸೀಟಿನ ಬೆಲ್ಟುಗಳನ್ನು ಎಳೆದು ನೋಡಿ. ಎಷ್ಟೋ ಕಾರುಗಳಲ್ಲಿ ಅವು ಸೀಟ್ ಕವರಿನ ಕೆಳಗೆ ಸಮಾಧಿಯಾಗಿರುತ್ತವೆ.

ಹೊಸದೋ ಹಳೆಯದೋ? ಇಲ್ಲಿ ವಿಕಿರಣ ಕ್ಷಯದ ಪಾಠ ನೆರವಿಗೆ ಬರುತ್ತದೆ. ವಾಹನ ವಿಮೆಯ ಸವಕಳಿ ಪಟ್ಟಿಯಲ್ಲಿ ನಾಲ್ಕರಿಂದ ಐದು ವರ್ಷದ ಕಾರಿನ ಮೌಲ್ಯ ಅರ್ಧ ಕಳೆದಿರುತ್ತದೆ. ಅಂದರೆ ಅರ್ಧಾಯು ಸುಮಾರು ಐದು ವರ್ಷ. 12 ಲಕ್ಷದ ಕಾರು ಮೊದಲ ಐದು ವರ್ಷದಲ್ಲಿ 6 ಲಕ್ಷ ಕರಗಿಸುತ್ತದೆ, ವರ್ಷಕ್ಕೆ 1 ಲಕ್ಷ 20 ಸಾವಿರ. ವರ್ಷಕ್ಕೆ 10,000 ಕಿಮೀ ಓಡಿಸುವವರಿಗೆ 17.8ರ ಮೈಲೇಜಿಗೂ 15ರ ಮೈಲೇಜಿಗೂ ಇರುವ ವ್ಯತ್ಯಾಸ ಸುಮಾರು 105 ಲೀಟರ್. ಲೀಟರಿಗೆ 100 ರೂಪಾಯಿ ಎಂದರೆ ಹತ್ತು ಸಾವಿರದ ಐನೂರು. ನಾವು ಜಗಳವಾಡುವುದು ಮಾತ್ರ ಮೈಲೇಜಿನ ಬಗ್ಗೆ! ಕಡಿಮೆ ಓಡಿಸುವ ಮೇಷ್ಟರಿಗೆ ಐದಾರು ವರ್ಷ ಹಳೆಯ ಕಾರೇ ಲಾಭ, ಅದು ಹೇಳಿಕೊಂಡಷ್ಟೇ ಓಡಿದ್ದರೆ.

ಈಗ ನನ್ನ ಕಥೆ. 2015ರ ಸಿಟಿ, ಮೀಟರಿನಲ್ಲಿ 42,000 ಕಿಮೀ, "ಡಾಕ್ಟರ್ ಓಡಿಸಿದ್ದು ಸಾರ್" ಎಂದರು ಮಾರುವವರು. ಬಣ್ಣ ಫಳಫಳ. ಮುಂಗಡ ಕೊಡಲು ಕೈ ಜೇಬಿಗೆ ಹೋಗಿತ್ತು. ಯಾಕೋ ಟೈರಿನ ಪಕ್ಕದ ನಾಲ್ಕಂಕಿ ನೋಡಿದೆ: 2319. ಅಂದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ನಾಲ್ಕೂ ಟೈರು ಹಾಗೆಯೇ, ಅವೂ ಸವೆದಿದ್ದವು. ಎರಡನೆಯ ಜೊತೆ ಟೈರೂ ಸವೆಯಲು 42,000 ಕಿಮೀ ಸಾಕೇ? ಕ್ಲಚ್ ಪೆಡಲಿನ ರಬ್ಬರ್ ನುಣುಪಾಗಿತ್ತು. ಬಾನೆಟ್ ಎತ್ತಿದಾಗ, ಒರೆಸುವವರು ಮರೆತಿದ್ದ ಒಂದು ಚೀಟಿ ಕಂಡಿತು: ಮುಂದಿನ ಆಯಿಲ್ ಬದಲಾವಣೆ 70,000 ಕಿಮೀಗೆ. ಚೀಟಿ ತೋರಿಸಿದೆ. ಅವರು ನಕ್ಕು, "ಬೇರೆ ಗಾಡಿದು ಇರಬೇಕು" ಎಂದರು. ಮೆಟ್ಟಿಲಿಳಿದು ಬಂದೆ.

ಡಿಜಿಟಲ್ ಮೀಟರನ್ನು ತಿದ್ದುವುದು ಸುಲಭ. ರಬ್ಬರನ್ನು ತಿದ್ದುವುದು ಕಷ್ಟ. ಪ್ರಯೋಗಶಾಲೆಯಿಂದ ಒಂದು ಚಿಕ್ಕ ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಬಾಗಿಲಿನ ಉಕ್ಕಿನ ಮೇಲೆ ಗಟ್ಟಿಯಾಗಿ ಹಿಡಿಯುವ ಕಾಂತ, ಒಂದು ಜಾಗದಲ್ಲಿ ಮಾತ್ರ ಜಾರಿದರೆ ಅಲ್ಲಿ ಬಣ್ಣದಡಿ ಪಟ್ಟಿ ಮೆತ್ತಿದೆ ಎಂದರ್ಥ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಜಾರುವುದು ಸಹಜ.

ಇನ್ನೊಂದು ಪರೀಕ್ಷೆ ನನಗೆ ಬಹಳ ಪ್ರಿಯ. ಖಾಲಿಯಾದ, ಮಟ್ಟಸವಾದ, ನೇರ ರಸ್ತೆಯಲ್ಲಿ ಗಂಟೆಗೆ 60 ಕಿಮೀ ತಲಪಿ ನ್ಯೂಟ್ರಲ್ ಮಾಡಿ. 60ರಿಂದ 50ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಎಂದು ಪಕ್ಕದಲ್ಲಿ ಕೂತವರು ಅಳೆಯಲಿ. ನಮ್ಮ ಮೇಲಿನ ಸಂಖ್ಯೆಗಳ ಪ್ರಕಾರ ಒಟ್ಟು ರೋಧ 245 ನ್ಯೂಟನ್, ಕಾಲ ಸುಮಾರು 15 ಸೆಕೆಂಡ್. ಹತ್ತು ಸೆಕೆಂಡಿಗೇ ಇಳಿದರೆ ಬ್ರೇಕ್ ಹಿಡಿದುಕೊಂಡಿದೆ, ಚಕ್ರದ ಅಲೈನ್‌ಮೆಂಟ್ ಕೆಟ್ಟಿದೆ ಅಥವಾ ಟೈರಿನಲ್ಲಿ ಗಾಳಿ ಇಲ್ಲ. ಎರಡೂ ದಿಕ್ಕಿನಲ್ಲಿ ಮಾಡುವುದು ಕಡ್ಡಾಯ. ಕಣ್ಣಿಗೆ ಕಾಣದ ನೂರಕ್ಕೆ 1ರ ಇಳಿಜಾರೂ ಫಲಿತಾಂಶವನ್ನು ಕೆಡಿಸುತ್ತದೆ. ಸರಾಸರಿ ತೆಗೆಯಬೇಕಾದದ್ದು ಕಾಲದ್ದಲ್ಲ, ವೇಗ ಇಳಿಕೆಯ ದರದ್ದು.

ಕೊನೆಗೆ ನಾನು ಕೊಂಡದ್ದು ನಿವೃತ್ತ ಸಹೋದ್ಯೋಗಿಯೊಬ್ಬರ 2016ರ ಸಿಟಿಯನ್ನು. ಮೀಟರಿನಲ್ಲಿ 96,000 ಕಿಮೀ ಇತ್ತು, ಪ್ರತಿ ಸರ್ವಿಸಿನ ಬಿಲ್ಲೂ ಇತ್ತು. ನ್ಯೂಟ್ರಲ್ ಪರೀಕ್ಷೆಯಲ್ಲಿ 14 ಸೆಕೆಂಡ್. ಲೆಕ್ಕ ಎಲ್ಲವೂ ಸರಿಯಿತ್ತು. ಒಂದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ: ಅಮ್ಮನ ಮಂಡಿ. ಗುರುತ್ವ ಕೇಂದ್ರ ಕೆಳಗಿದೆ ಎಂದು ನಾನು ಹೊಗಳುವ ಕಾರಿನ ಸೀಟೂ ಕೆಳಗೇ ಇದೆ. ಎಂಬತ್ತೆರಡರ ಅಮ್ಮನಿಗೆ ಅದರಿಂದ ಎದ್ದು ಬರಲು ಎರಡು ಕೈ ಬೇಕು. ದಿಂಬು ಹಾಕೋಣವೆಂದರೆ, ಅಪಘಾತದಲ್ಲಿ ಮೆತ್ತನೆಯ ದಿಂಬಿನ ಮೇಲಿಂದ ದೇಹ ಬೆಲ್ಟಿನ ಕೆಳಗೆ ಜಾರುತ್ತದೆ. ಹಾಗಾಗಿ ನಾನೇ ಬೇಡವೆಂದೆ. ಈಗಲೂ ಆಸ್ಪತ್ರೆಗೆ ಹೊರಟಾಗ, "ಆಟೋನೇ ಕರಿಯಪ್ಪ, ಕೂರೋಕೂ ಸಲೀಸು, ಏಳೋಕೂ ಸಲೀಸು" ಎನ್ನುತ್ತಾರೆ.

ಸಹೋದ್ಯೋಗಿ ಮತ್ತೆ ಕೇಳಿದರು. ಮನೆಯಲ್ಲಿ ಹಿರಿಯರು ಯಾರಿದ್ದಾರೆ ಎಂದು ನಾನು ಕೇಳಿದೆ.