ಊರಿನ ಧೂಳು ಬಲ್ಲ ಪೆಟ್ಟಿಗೆ

ರಬಕವಿ-ಬನಹಟ್ಟಿಯ ಗಾಳಿಯಲ್ಲಿ ಸದಾ ನೂಲು ತೇಲುತ್ತಿರುತ್ತದೆ. ಮಗ್ಗ ನಡೆಯುವ ಮನೆಯೊಳಗೆ ಕಿಟಕಿಯಿಂದ ಇಳಿಬಿಸಿಲು ಬಿದ್ದಾಗ ಅದು ಕಣ್ಣಿಗೆ ಕಾಣುತ್ತದೆ. ಉಸಿರು ಬಿಟ್ಟರೆ ಸಾಕು, ದಿಕ್ಕು ಬದಲಿಸುವ ಬೆಳ್ಳನೆಯ ಎಳೆಗಳು. ನಮ್ಮ ಜಮಖಂಡಿಯದು ಎರೆಮಣ್ಣಿನ ಧೂಳು. ಕರ್ರಗೆ, ನುಣ್ಣಗೆ, ಬೆರಳಿಗೆ ಹತ್ತಿದರೆ ಒರೆಸಿದ ಮೇಲೂ ಗೆರೆ ಉಳಿಯುವಂಥದ್ದು. ಮುಧೋಳ, ಲೋಕಾಪುರದ ಕಡೆ ಸುಣ್ಣದಕಲ್ಲಿನ ಬಿಳಿಪುಡಿ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಅದರ ಮೇಲೆ ಕಾರ್ಖಾನೆಯ ಚಿಮಣಿಯ ಕರಿಬೂದಿ. ಬೀಳಗಿಗೆ ಆಲಮಟ್ಟಿ ಹಿನ್ನೀರಿನ ಮೇಲಿಂದ ಬೀಸುವ ಗಾಳಿ ಬೇರೆ. ಬೇಸಗೆಯ ಬಿಸಿಲು ಮಾತ್ರ ಎಲ್ಲರಿಗೂ ಒಂದೇ. ಏಪ್ರಿಲ್ ಬಂತೆಂದರೆ 40 ಡಿಗ್ರಿ. ಇಂಥ ಊರಿನಲ್ಲಿ ಕೂತು ಗೇಮ್ ಆಡಲಿಕ್ಕೆ ಒಂದು ಕಂಪ್ಯೂಟರ್ ಬೇಕೆಂದರೆ, ಅದನ್ನು ಈ ಗಾಳಿ, ಈ ಧೂಳು, ಈ ಧಗೆಯನ್ನು ಬಲ್ಲ ಕೈಗಳೇ ಜೋಡಿಸಬೇಕು. ಬನಹಟ್ಟಿಯ ನೇಕಾರರ ಮನೆಯ ಹುಡುಗನೊಬ್ಬ ಹಾಗೆ ಜೋಡಿಸಿದ ಪೆಟ್ಟಿಗೆಯೊಂದನ್ನು ಅವನ ಮನೆಯಲ್ಲೇ ನೋಡಿದ್ದೇನೆ. ಅದರ ರುಚಿಯನ್ನು ನಾಲ್ಕು ಜನರಿಗೆ ಹೇಳದೆ ಇರಲಾರೆ.

ರೆಡಿಮೇಡ್ ಪೆಟ್ಟಿಗೆಗೂ ಅದರದೇ ಗುಣವಿದೆ. ಬಿಲ್ಲು ಒಂದೇ, ವಾರಂಟಿ ಒಂದೇ, ಮನೆಗೆ ತಂದು ಪ್ಲಗ್ಗು ಹಾಕಿದರೆ ಆಟ ಶುರು. 2020ರ ಕೊನೆಯಿಂದ ಗ್ರಾಫಿಕ್ಸ್ ಕಾರ್ಡುಗಳನ್ನು ಕ್ರಿಪ್ಟೊ ಗಣಿಗಾರರು ಬಾಚಿಕೊಂಡು, ಜಗತ್ತಿನಲ್ಲೆಲ್ಲ ಚಿಪ್ಪುಗಳ ಬರ ಬಿದ್ದಾಗ, ಒಂದು ಕಾರ್ಡಿಗಾಗಿ ಇಡೀ ಕಂಪ್ಯೂಟರನ್ನೇ ಕೊಳ್ಳುವುದು ಎಷ್ಟೋ ಸಲ ಜಾಣತನವೇ ಆಗಿತ್ತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಆ ಬಗೆಯ ಗಣಿಗಾರಿಕೆಯನ್ನು ಕೈಬಿಟ್ಟಿತು, ಆ ಕಾಲ ಮುಗಿಯಿತು. ಆದರೆ ರೆಡಿಮೇಡ್ ಎಂಬುದು ಎಲ್ಲ ಊರಿಗೂ ಆಗಬೇಕೆಂದು ಮಾಡಿದ್ದು. ಅದನ್ನು ರೂಪಿಸಿದವರ ಕಣ್ಣೆದುರು ಏಸಿ ಹಾಕಿದ ಕೋಣೆ ಇದ್ದೀತು. ತಗಡಿನ ಮಾಡು, ಗೋಡೆಯಾಚೆ ಓಡುವ ಪವರ್‌ಲೂಮು, ಹೋಗಿ ಬರುವ ಕರೆಂಟು ಇದ್ದಿರಲಾರವು.

ಅಸೆಂಬಲ್ ಮಾಡುವ ಸುಖ ಸಾಮಾನು ಆರಿಸುವಲ್ಲೇ ಶುರುವಾಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಇಕ್ಕಟ್ಟಾದ ಅಂಗಡಿಗಳಲ್ಲಿ ನಿಂತು, ಒಂದೊಂದು ಡಬ್ಬಿಯನ್ನೂ ತಿರುವಿ ತಿರುವಿ ಓದಿ, ಪಕ್ಕದ ಅಂಗಡಿಯ ರೇಟು ಕೇಳಿ ಬಂದು, ಕೊನೆಗೆ ರಾತ್ರಿ ಬಸ್ಸಿನಲ್ಲಿ ಮದರ್‌ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬರುವುದರಲ್ಲಿ ಒಂದು ಹಿಗ್ಗಿದೆ. ಈಗ ಮೊಬೈಲಿನಲ್ಲೇ ಆರ್ಡರ್ ಮಾಡಿದರೆ ಮನೆ ಬಾಗಿಲಿಗೆ ಬರುತ್ತದೆ, ನಿಜ. ಆದರೂ ಎಲ್ಲೆಲ್ಲಿಂದಲೋ ಬಂದ ಸಾಮಾನು ಒಂದಕ್ಕೊಂದು ಕೂಡಿಕೊಳ್ಳುವ ಬೆರಗು ಹಾಗೇ ಇದೆ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಎಂಬ ಅಳತೆಯ ಕಟ್ಟು ಇಂದಿಗೂ ಬಳಕೆಯಲ್ಲಿದೆ. ತೈವಾನಿನವರ ಬೋರ್ಡು, ಇನ್ನೊಬ್ಬರ ಕ್ಯಾಬಿನೆಟ್ಟು, ಮತ್ತೊಬ್ಬರ ಎಸ್‌ಎಂಪಿಎಸ್ಸು, ಅಂದರೆ ಕರೆಂಟು ಒದಗಿಸುವ ಡಬ್ಬಿ. ಒಬ್ಬರ ಮುಖ ಒಬ್ಬರು ನೋಡಿರದ ಜನ ಕೊರೆದ ತೂತುಗಳು ನಮ್ಮ ಮನೆಯ ನೆಲದ ಮೇಲೆ ಕೂದಲೆಳೆಯೂ ತಪ್ಪದೆ ಎದುರುಬದುರು ಬರುತ್ತವೆ. ಸ್ಕ್ರೂಗಳಲ್ಲೂ ಎರಡು ಜಾತಿ: ದಪ್ಪ ಸುತ್ತಿನದು, ಸಣ್ಣ ಸುತ್ತಿನದು. ಹತ್ತಾರು ಸಲ ಕೈಯಾಡಿದವರು ಬೆರಳ ತುದಿಯಲ್ಲಿ ಹೊರಳಿಸಿಯೇ ಯಾವುದು ಯಾವುದೆಂದು ಹೇಳುತ್ತಾರೆ.

ಬನಹಟ್ಟಿಯ ಆ ಹುಡುಗ ತನ್ನ ಪೆಟ್ಟಿಗೆಗೆ ಮೊದಲು ಆರಿಸಿದ್ದು ಪ್ರೊಸೆಸರನ್ನಲ್ಲ, ಗ್ರಾಫಿಕ್ಸ್ ಕಾರ್ಡನ್ನೂ ಅಲ್ಲ. ಗಾಳಿಯ ದಾರಿಯನ್ನು. ಮುಂದೆ ಒಳಗೆಳೆಯುವ ಮೂರು ಫ್ಯಾನು, ಹಿಂದೆ ಹೊರಹಾಕುವುದು ಒಂದೇ. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಹೆಚ್ಚಾದ್ದರಿಂದ ಪೆಟ್ಟಿಗೆಯ ಪ್ರತಿ ಸಂದಿಯಿಂದಲೂ ಗಾಳಿ ಹೊರಕ್ಕೇ ಒತ್ತುತ್ತದೆ. ನೂಲಿನ ಎಳೆಗೆ ಕಳ್ಳದಾರಿಯೇ ಇಲ್ಲ. ಬರುವುದಿದ್ದರೆ ಮುಂದಿನ ಜಾಳಿಗೆಯ ಮೂಲಕವೇ ಬರಬೇಕು. ಆ ಜಾಳಿಗೆ ಅಯಸ್ಕಾಂತದಿಂದ ಅಂಟಿಕೊಂಡಿರುವ ತೆಳ್ಳನೆಯ ನೈಲಾನ್ ಹಾಳೆ. ಎರಡು ದಿನಕ್ಕೆಲ್ಲ ಅದರ ಮೇಲೆ ಮೆತ್ತನೆಯ ಬಿಳಿ ಪದರ ಕಟ್ಟುತ್ತದೆ. ಹುಡುಗನ ತಾಯಿ ಮಗ್ಗದ ನೂಲುಪುಡಿ ಒರೆಸುವ ಬ್ರಷ್ಷಿನಿಂದಲೇ ಅದನ್ನೂ ಒಂದು ಸಲ ಒರೆಸಿ ಮತ್ತೆ ಅಂಟಿಸುತ್ತಾರೆ.

ಆದರೆ ಜಾಳಿಗೆ ಗಾಳಿಗೂ ಅಡ್ಡಿ. ಅದನ್ನು ದಾಟಿಸಿ ಎಳೆಯಬೇಕಾದರೆ ಫ್ಯಾನಿಗೆ ಕಸುವು ಬೇಕು. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಮುಂದಿನ ಆ ಮೂರೂ ಫ್ಯಾನು ಆಸ್ಟ್ರಿಯಾದ ನೊಕ್ಟುವಾ ಕಂಪನಿ 2018ರಲ್ಲಿ ಹೊರತಂದ ಎನ್‌ಎಫ್-ಎ12ಎಕ್ಸ್25. ಕಂದು ರೆಕ್ಕೆ, ಕೆನೆಬಣ್ಣದ ಚೌಕಟ್ಟು. ಈ ಬಣ್ಣ ಬಹಳ ಜನಕ್ಕೆ ಸೇರುವುದಿಲ್ಲ. ನನಗೆ ಬಲು ಚೆಲುವೆನಿಸುತ್ತದೆ. ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವೆ ಇರುವ ಸಂದು ಬರೀ ಅರ್ಧ ಮಿಲಿಮೀಟರ್. ಸಂದು ಕಿರಿದಾದಷ್ಟೂ ಗಾಳಿ ಹಿಂದಕ್ಕೆ ಸೋರುವುದು ಕಡಿಮೆ, ಮುಂದಕ್ಕೆ ಒತ್ತುವುದು ಹೆಚ್ಚು. ಆದರೆ ಪ್ಲಾಸ್ಟಿಕ್ಕಿಗೊಂದು ಸ್ವಭಾವವಿದೆ. ಬಿಸಿಯಲ್ಲಿ ವರ್ಷಗಟ್ಟಲೆ ತಿರುಗಿದರೆ ಅದು ತನಗೇ ತಿಳಿಯದ ಹಾಗೆ ಹಿಗ್ಗುತ್ತದೆ, ಒಂದು ದಿನ ಚೌಕಟ್ಟಿಗೆ ತಾಗುತ್ತದೆ. ಹಾಗಾಗದಿರಲೆಂದು ಅವರು ಲಿಕ್ವಿಡ್ ಕ್ರಿಸ್ಟಲ್ ಪಾಲಿಮರ್ ಎಂಬ ಗಡುಸಾದ ವಸ್ತುವಿನಿಂದ ರೆಕ್ಕೆ ಎರಕ ಹೊಯ್ದರು. ಬೆರಳಿನಿಂದ ಮೆಲ್ಲಗೆ ತಿರುಗಿಸಿ ಬಿಟ್ಟು ನೋಡಿ. ಸದ್ದಿಲ್ಲದೆ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ, ನಿಲ್ಲುವಾಗಲೂ ಎಲ್ಲಿ ನಿಂತಿತೆಂದು ತಿಳಿಯದಷ್ಟು ಸುಲಲಿತವಾಗಿ ನಿಲ್ಲುತ್ತದೆ. ಅರ್ಧ ಮಿಲಿಮೀಟರಿಗಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡವರ ಮೇಲೆ ನನಗೆ ಅಪಾರ ಪ್ರೀತಿ.

ಎಸ್‌ಎಂಪಿಎಸ್ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ನಮ್ಮ ಕಡೆಯ ಪೆಟ್ಟಿಗೆಯ ಆಯುಷ್ಯ ಇರುವುದೇ ಅದರಲ್ಲಿ. ಒಂದೇ ವ್ಯಾಟಿನ ಎರಡು ಎಸ್‌ಎಂಪಿಎಸ್ಸಿನಲ್ಲಿ ಒಂದು ಆ ಶಕ್ತಿಯನ್ನು 40 ಡಿಗ್ರಿಯಲ್ಲಿ ಕೊಡುತ್ತೇನೆಂದು ಬರೆದುಕೊಂಡಿರುತ್ತದೆ, ಇನ್ನೊಂದು 50ರಲ್ಲಿ. ಜಮಖಂಡಿಯ ಮೇ ತಿಂಗಳಲ್ಲಿ ಕೋಣೆಯೇ 40 ಆಗಿರುವಾಗ ಪೆಟ್ಟಿಗೆಯೊಳಗೆ ಎಷ್ಟಿರಬೇಡ? ಆ ಹುಡುಗ 50ರದ್ದನ್ನೇ ಆರಿಸಿದ್ದ. ಒಳಗಿನ ಕೆಪಾಸಿಟರುಗಳು 85 ಡಿಗ್ರಿಯವಲ್ಲ, 105 ಡಿಗ್ರಿ ತಾಳುವಂಥವು. ಶಾಖ ಹತ್ತು ಡಿಗ್ರಿ ಇಳಿದಂತೆಲ್ಲ ಅವುಗಳ ಬಾಳಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಗೋಲ್ಡ್ ಎಂಬ ಮುದ್ರೆ ಬಿದ್ದದ್ದಾದರೆ ಅರ್ಧ ಹೊರೆಯಲ್ಲಿ ಎಳೆದ ಪ್ರತಿ 100 ವ್ಯಾಟಿಗೆ ಕನಿಷ್ಠ 90 ಕೆಲಸಕ್ಕೆ ಬರುತ್ತದೆ, ಮಿಕ್ಕಿದ್ದಷ್ಟೇ ಬಿಸಿಯಾಗಿ ಹೋಗುತ್ತದೆ. ಬಿಸಿಲೂರಿನಲ್ಲಿ ಇದು ಬರೀ ಬಿಲ್ಲಿನ ಲೆಕ್ಕವಲ್ಲ.

ಈಗ ಪ್ರೊಸೆಸರ್. ಅವನ ಬೋರ್ಡು 2018ರ ಬಿ450. ಅದರಲ್ಲಿ ಅದೇ ಕಾಲದ ರೈಜನ್ 5 2600 ಇತ್ತು. ಅದನ್ನು ತೆಗೆದು 2024ರ ಜನವರಿಯಲ್ಲಿ ಬಂದ ರೈಜನ್ 7 5700ಎಕ್ಸ್‌3ಡಿ ಕೂರಿಸುವಾಗ ನಾನು ಎದುರಿಗಿದ್ದೆ. ಮೊದಲು ಬಯೋಸ್ ಅಪ್‌ಡೇಟ್ ಆಯಿತು. ಹಳೆಯದನ್ನು ಜೋಪಾನವಾಗಿ ಕಿತ್ತ. ಆಮೇಲೆ ಹೊಸದನ್ನು ಪ್ಲಾಸ್ಟಿಕ್ ಚಿಪ್ಪಿನಿಂದ ಅಂಚು ಹಿಡಿದು ಎತ್ತಿ, ಬೆಳಕಿಗೆ ಹಿಡಿದು ನನಗೂ ತೋರಿಸಿದ. ಕೆಳಗೆ ಚಿನ್ನದ ಲೇಪದ 1331 ಸೂಜಿಗಳು, ಸಾಲು ಸಾಲಾಗಿ, ಒಂದೂ ಬಾಗದೆ. ಒಂದು ಮೂಲೆಯಲ್ಲಿ ಪುಟ್ಟ ಬಂಗಾರದ ತ್ರಿಕೋನ. ಸಾಕೆಟ್ಟಿನ ಮೂಲೆಯಲ್ಲೂ ಅಂಥದ್ದೇ ಇನ್ನೊಂದು. ಎರಡನ್ನೂ ಹೊಂದಿಸಿ, ಸನ್ನೆಯನ್ನು ಮೇಲೆತ್ತಿ, ಬೆರಳು ಸಡಿಲ ಬಿಟ್ಟ. ಒತ್ತಲಿಲ್ಲ. ಒತ್ತುವ ಹಾಗೂ ಇಲ್ಲ. ತನ್ನ ಭಾರಕ್ಕೆ ತಾನೇ ಅದು ಕೆಳಗಿಳಿಯಿತು, ಇಳಿದು ಕೂತಿತು. ಸನ್ನೆಯನ್ನು ಕೆಳಗೆ ತಂದಾಗ ಮಾತ್ರ ಒಂದು ಮೆದು ಪ್ರತಿರೋಧ, ಸಾವಿರದ ಮುನ್ನೂರು ಸೂಜಿಗಳನ್ನೂ ಒಟ್ಟಿಗೆ ತಬ್ಬಿ ಹಿಡಿದ ಬಿಗಿ. ಆ ಬಿಗಿಯನ್ನು ಬೆರಳಿನಲ್ಲಿ ಅನುಭವಿಸದವರಿಗೆ ರೆಡಿಮೇಡ್ ಪೆಟ್ಟಿಗೆಯಲ್ಲಿ ಏನು ಕಡಿಮೆಯೆಂದು ಹೇಗೆ ತಿಳಿಸಲಿ?

ಆ ಚಿಪ್ಪಿನ ಕಸುಬುಗಾರಿಕೆಯೂ ಅಂಥದ್ದೇ. ಇದರಲ್ಲಿ 32 ಮೆಗಾಬೈಟಿನ ಕ್ಯಾಶ್ ಮೆಮೊರಿಯ ಮೇಲೆ ಇನ್ನೊಂದು 64 ಮೆಗಾಬೈಟಿನ ತುಣುಕನ್ನು ತೆಳ್ಳಗೆ ತೇದು, ಬೆಸುಗೆಯೇ ಇಲ್ಲದೆ ತಾಮ್ರಕ್ಕೆ ತಾಮ್ರವನ್ನು ನೇರ ಕೂಡಿಸಿದ್ದಾರೆ. ಮೇಲಿನ ಪದರ ಬಿಸಿಯನ್ನು ತುಸು ತಡೆಯುತ್ತದೆ. ಅದಕ್ಕೇ ಈ ಚಿಪ್ಪಿಗೆ 90 ಡಿಗ್ರಿಯ ಮಿತಿ. ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ ಇದಕ್ಕೆ 65 ಡಿಗ್ರಿಯ ಬಿಡುವಿದ್ದರೆ ನಮ್ಮಲ್ಲಿ ಬೇಸಗೆಗೆ 50 ಮಾತ್ರ. (2024ರ ನವೆಂಬರಿನ 9800ಎಕ್ಸ್‌3ಡಿಯಲ್ಲಿ ಆ ಪದರವನ್ನು ಕೆಳಕ್ಕೆ ಹಾಕಿದರು, ಬಿಸಿ ನೇರ ಮೇಲಕ್ಕೆ ಹೋಗುತ್ತದೆ. ಉತ್ತರ ಕರ್ನಾಟಕದವರನ್ನು ನೆನೆದೇ ಮಾಡಿದರೇನೋ ಅನ್ನಿಸುವಂಥ ಬದಲಾವಣೆ. ಆದರೆ ಅದಕ್ಕೆ ಬೋರ್ಡು, ಮೆಮೊರಿ ಎಲ್ಲ ಹೊಸದು ಬೇಕು.) ಹಾಗಾಗಿ ಅವನು ಎತ್ತರದ ಟವರ್ ಕೂಲರ್ ಹಾಕಿದ್ದಾನೆ. ಅದರ ತಾಮ್ರದ ಕೊಳವೆಗಳೊಳಗೆ ತುಸುವೇ ದ್ರವ, ಗಾಳಿ ತೆಗೆದ ಖಾಲಿ ಜಾಗ. ಚಿಪ್ಪಿನ ಬಿಸಿಗೆ ದ್ರವ ಆವಿಯಾಗಿ ಮೇಲೇರುತ್ತದೆ, ಅಲ್ಯೂಮಿನಿಯಂ ಹಾಳೆಗಳ ಬಳಿ ತಣಿದು ಮತ್ತೆ ದ್ರವವಾಗುತ್ತದೆ, ಕೊಳವೆಯ ಒಳಗೋಡೆಯ ಸೂಕ್ಷ್ಮ ರಂಧ್ರಗಳ ಹಾಸಿನಗುಂಟ ವಾಪಸು ಬರುತ್ತದೆ. ಪಂಪಿಲ್ಲ, ಸದ್ದಿಲ್ಲ, ಬತ್ತುವುದೂ ಇಲ್ಲ.

ಕ್ಯಾಬಿನೆಟ್ಟಿನ ಹಿಂಬದಿಯ ಬಾಗಿಲು ತೆಗೆದಾಗ ನನಗೆ ಅವನು ಯಾರ ಮಗನೆಂದು ಗೊತ್ತಾಯಿತು. ಅಲ್ಲಿ ಯಾರೂ ನೋಡುವುದಿಲ್ಲವೆಂದು ಎಲ್ಲರೂ ಕೇಬಲ್ಲುಗಳನ್ನು ತುರುಕಿಬಿಡುತ್ತಾರೆ. ಇವನು ಹಾಸು ಹೂಡಿದಂತೆ ಹೂಡಿದ್ದ. ಮದರ್‌ಬೋರ್ಡಿಗೆ ಹೋಗುವ 24 ತಂತಿಗಳ ಅಗಲ ಪಟ್ಟಿ, ಪ್ರೊಸೆಸರಿನ 8 ತಂತಿ, ಫ್ಯಾನುಗಳ ಸಣ್ಣ ಎಳೆಗಳು, ಒಂದರ ಮೇಲೊಂದು ಏರದೆ, ಒಂದನ್ನೊಂದು ಜಗ್ಗದೆ, ಸಮಸಮ ಬಿಗಿಯಲ್ಲಿ. ಕಟ್ಟಿದ್ದು ಪ್ಲಾಸ್ಟಿಕ್ ಟೈಗಳಿಂದಲ್ಲ, ಮನೆಯ ಮಗ್ಗದ ಹತ್ತಿ ದಾರದಿಂದ. ಆ ಗಂಟು ಎಳೆದರೆ ಸಲೀಸಾಗಿ ಬಿಚ್ಚುತ್ತದೆ, ಎಳೆಯದಿದ್ದರೆ ಸಡಿಲವಾಗುವುದಿಲ್ಲ.

ಮೆಮೊರಿ ಪಟ್ಟಿಗಳು ಎರಡನೆಯ ಮತ್ತು ನಾಲ್ಕನೆಯ ಖಾನೆಯಲ್ಲಿ ಟಕ್ ಎಂದು ಕೂತವು, ಮುಚ್ಚಳ ಮುಚ್ಚಿತು, ಆಟ ಶುರುವಾಯಿತು. ಮೊದಲು ಹಾಕಿದ್ದು ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು 2020ರಲ್ಲಿ ಮಾಡಿದ ರಾಜಿ. ದೇವರು-ಅಸುರರ ಕಥೆ, ಪಹಾಡಿ ಚಿತ್ರಗಳ ಬಣ್ಣ, ನಡುನಡುವೆ ತೊಗಲುಗೊಂಬೆಯ ನೆರಳಾಟ. ಅದು ಈ ಪೆಟ್ಟಿಗೆಗೆ ಏನೇನೂ ಭಾರವಲ್ಲ. ಆಮೇಲೆ ಮೆಕ್ಸಿಕೋದ ದಾರಿಗಳಲ್ಲಿ ಕಾರು ಓಡಿಸುವ ಫೋರ್ಜಾ ಹೊರೈಜನ್ 5. 144 ಹರ್ಟ್ಸಿನ ಪರದೆಗೆ ಒಂದೊಂದು ಚಿತ್ರ ಸಿದ್ಧಪಡಿಸಲು ಸಿಗುವುದು ಸುಮಾರು 7 ಮಿಲಿಸೆಕೆಂಡ್. ಸರಾಸರಿ ವೇಗವನ್ನು ಯಾವ ಪೆಟ್ಟಿಗೆಯಾದರೂ ತೋರಿಸೀತು. ರಸಿಕರು ನೋಡಬೇಕಾದ್ದು ಸಮತೆಯನ್ನು. ತಿರುವಿನಲ್ಲಿ ಧೂಳೆದ್ದು, ಹತ್ತಾರು ಕಾರು ಒಮ್ಮೆಲೇ ಕಣ್ಣಿಗೆ ಬಂದಾಗ ಹಳೆಯ ಪ್ರೊಸೆಸರಿನಲ್ಲಿ ಎಲ್ಲೋ ಒಂದು ಚಿತ್ರ ತಡವಾಗಿ, ಕಣ್ಣು ಎಡವುತ್ತಿತ್ತು. ಈಗ 96 ಮೆಗಾಬೈಟ್ ಚಿಪ್ಪಿನೊಳಗೇ ಇರುವುದರಿಂದ ದೂರದ ಮೆಮೊರಿಗೆ ಓಡುವ ಪ್ರಸಂಗವೇ ಕಡಿಮೆ. ತಿರುವು ಬಂತು, ಧೂಳೆದ್ದಿತು, ಕಾರುಗಳು ಬಂದವು, ಹೋದವು. ಎಲ್ಲಿಯೂ ತಡವರಿಸಲಿಲ್ಲ. ಗೋಡೆಯಾಚೆಯ ಲೂಮಿನ ಖಟಖಟದ ನಡುವೆ ಫ್ಯಾನಿನ ಸದ್ದು ಕೇಳಲೇ ಇಲ್ಲ. ಲೂಮು ನಿಂತ ಮೇಲೂ ಕಿವಿಗೊಟ್ಟು ಕೇಳಬೇಕಾಯಿತು.

ಹಳೆಯ 2600 ಪ್ರೊಸೆಸರ್ ವ್ಯರ್ಥವಾಗಲಿಲ್ಲ. ಮುಧೋಳದಲ್ಲಿರುವ ಅವನ ಸೋದರಮಾವನ ಮಗನಿಗೆ ಸೀರೆಯ ಅಂಚಿನ ಡಿಸೈನ್ ಬಿಡಿಸಲು ಒಂದು ಕಂಪ್ಯೂಟರ್ ಬೇಕಾಗಿದೆ. ಅದೇ ಜಾತಿಯ ಒಂದು ಬೋರ್ಡು ಹುಬ್ಬಳ್ಳಿಯಲ್ಲಿ ಸೆಕೆಂಡ್‌ಹ್ಯಾಂಡ್ ನೋಡಿಟ್ಟಿದ್ದಾರೆ. ಕ್ಯಾಬಿನೆಟ್ ಯಾವುದಿರಲಿ ಎಂದು ನನ್ನನ್ನು ಕೇಳಿದರು. ಮುಧೋಳದ ಬಿಳಿಪುಡಿ ನೂಲಿಗಿಂತ ಸಣ್ಣದು, ಬನಹಟ್ಟಿಯ ಜಾಳಿಗೆ ಅಲ್ಲಿಗೆ ನಡೆಯುವುದಿಲ್ಲ. ಇನ್ನೂ ಒತ್ತಾದ ಕಣ್ಣಿನದು ಬೇಕು, ಫ್ಯಾನು ಮಾತ್ರ ಇವೇ ಇರಲಿ ಅಂದೆ.