ಸೇಡಿನ ಕೊಲೆಗಾರ ಮತ್ತು ಮರೆತ ಅಪರಾಧ
(1980ರ ದಶಕದ ಅಲ್ಪವೆಚ್ಚದ ಕೆಲವು ಚಲನಚಿತ್ರಗಳನ್ನು ಕುರಿತು)

ವಿದ್ವಜ್ಜನರ ಮನ್ನಣೆಯನ್ನು ಪಡೆಯದ ಕೃತಿಗಳು ನಾಲ್ಕು ದಶಕಗಳಿಗೂ ಮೀರಿ ಜನರ ಆದರವನ್ನು ಉಳಿಸಿಕೊಂಡು ಬಂದರೆ, ಅದಕ್ಕೆ ಕಾರಣವನ್ನು ಹುಡುಕುವ ಹೊಣೆ ವಿಮರ್ಶಕನ ಮೇಲೆ ಬೀಳುತ್ತದೆ. ಜನರ ಅಭಿರುಚಿ ಕೆಟ್ಟಿದೆಯೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಉತ್ತರವಾಗಲಾರದು. 1970ರ ದಶಕದ ಕೊನೆಯಿಂದ ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ಅಲ್ಪ ಬಂಡವಾಳದಿಂದ ತಯಾರಾದ ‘ಸ್ಲ್ಯಾಷರ್’ ಎಂಬ ವರ್ಗದ ಚಲನಚಿತ್ರಗಳು ಇಂತಹ ಕೃತಿಗಳು. ಮುಖವಾಡವನ್ನು ಧರಿಸಿದ, ಇಲ್ಲವೆ ಕಣ್ಣಿಗೇ ಬೀಳದ ಕೊಲೆಗಾರನೊಬ್ಬನು ಯುವಕ ಯುವತಿಯರನ್ನು ಹರಿತವಾದ ಆಯುಧದಿಂದ ಒಬ್ಬೊಬ್ಬರನ್ನಾಗಿ ಕೊಲ್ಲುತ್ತ ಹೋಗುವುದೇ ಇವುಗಳ ಕಥಾವಸ್ತು. ಇವುಗಳನ್ನು ಹೊಗಳುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಇವುಗಳ ಆಕರ್ಷಣೆಯ ಮೂಲ ರಕ್ತಪಾತದಲ್ಲಿದೆಯೆಂಬ ಸಾಮಾನ್ಯವಾದ ಅಭಿಪ್ರಾಯ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರೀಕ್ಷಿಸುವುದಷ್ಟೇ ಇಲ್ಲಿಯ ಪ್ರಯತ್ನ.

ಮೊದಲು ಈ ಚಿತ್ರಗಳು ಹುಟ್ಟಿದ ಸನ್ನಿವೇಶವನ್ನು ಸಂಕ್ಷೇಪವಾಗಿ ಹೇಳಬಹುದು. ಜಾನ್ ಕಾರ್ಪೆಂಟರನ ‘ಹ್ಯಾಲೊವೀನ್’ (1978) 3 ಲಕ್ಷ ಡಾಲರುಗಳಿಗೆ ಸ್ವಲ್ಪ ಮೇಲ್ಪಟ್ಟ ವೆಚ್ಚದಲ್ಲಿ ತಯಾರಾಗಿ ಹಲವು ಕೋಟಿ ಡಾಲರುಗಳನ್ನು ಗಳಿಸಿತು. ಅದರ ಕೊಲೆಗಾರನ ಪ್ರಸಿದ್ಧವಾದ ಮುಖವಾಡವು ಅಂಗಡಿಯಲ್ಲಿ ಅಗ್ಗವಾಗಿ ಕೊಂಡು ಬಿಳಿಯ ಬಣ್ಣ ಬಳಿದ ಸಾಮಾನ್ಯ ಆಟದ ಮುಖವಾಡವಾಗಿತ್ತು. ಆ ಯಶಸ್ಸನ್ನು ಕಂಡು ಷಾನ್ ಕನಿಂಗ್‌ಹ್ಯಾಮನು ನ್ಯೂ ಜೆರ್ಸಿಯ ಬಾಲಕರ ಶಿಬಿರವೊಂದರಲ್ಲಿ ಸುಮಾರು 5.5 ಲಕ್ಷ ಡಾಲರುಗಳಲ್ಲಿ ‘ಫ್ರೈಡೇ ದಿ ಥರ್ಟೀನ್ತ್’ (1980) ಎಂಬ ಚಿತ್ರವನ್ನು ತಯಾರಿಸಿದನು; ಅಮೆರಿಕದಲ್ಲಿಯೇ ಅದು ಸುಮಾರು 4 ಕೋಟಿ ಡಾಲರುಗಳನ್ನು ಸಂಪಾದಿಸಿತು. ಅದೇ ಕಾಲದಲ್ಲಿ ಕೆನಡಾದ ಸರ್ಕಾರವು ಚಲನಚಿತ್ರಗಳಲ್ಲಿ ತೊಡಗಿಸಿದ ಬಂಡವಾಳಕ್ಕೆ ವಿಶೇಷವಾದ ತೆರಿಗೆ ವಿನಾಯಿತಿಯನ್ನು ನೀಡಿದ್ದರಿಂದ ಅಲ್ಲಿಯೂ ಇಂತಹ ಚಿತ್ರಗಳು ಹೇರಳವಾಗಿ ಬಂದವು. ಲಾಭದ ಆಸೆಯೇ ಇವುಗಳ ಜನ್ಮಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೃತಿಯನ್ನು ಏಕೆ ತಯಾರಿಸಿದರು ಎಂಬುದು ಒಂದು ಪ್ರಶ್ನೆ. ಜನರು ಅದನ್ನು ಏಕೆ ನೋಡಿದರು ಎಂಬುದು ಬೇರೊಂದು ಪ್ರಶ್ನೆ.

ಈ ಎರಡನೆಯ ಪ್ರಶ್ನೆಗೆ ವಿಮರ್ಶಕರು ಕೊಟ್ಟ ಉತ್ತರಗಳು ಹಲವು. ರೋಜರ್ ಈಬರ್ಟ್ ಮತ್ತು ಜೀನ್ ಸಿಸ್ಕೆಲ್ ಎಂಬ ಅಮೆರಿಕದ ವಿಮರ್ಶಕರು 1980ರಲ್ಲಿ ತಮ್ಮ ದೂರದರ್ಶನ ಕಾರ್ಯಕ್ರಮದ ಒಂದು ಸಂಚಿಕೆಯನ್ನೇ ಈ ಚಿತ್ರಗಳ ಖಂಡನೆಗೆ ಮೀಸಲಿಟ್ಟರು. ಕ್ಯಾಮರವು ಕೊಲೆಗಾರನ ಕಣ್ಣಾಗಿ ನಿಲ್ಲುವುದರಿಂದ ಪ್ರೇಕ್ಷಕನು ಸ್ತ್ರೀಯರ ಮೇಲಿನ ಹಿಂಸೆಯಲ್ಲಿ ಪಾಲುಗಾರನಾಗುತ್ತಾನೆ ಎಂಬುದು ಅವರ ಆಕ್ಷೇಪಣೆ. ಕ್ಯಾರಲ್ ಕ್ಲೋವರ್ ಎಂಬ ವಿದುಷಿಯು 1987ರ ಒಂದು ಪ್ರಬಂಧದಲ್ಲಿ, ಕೊನೆಗೆ ಬದುಕಿ ಉಳಿದು ಕೊಲೆಗಾರನನ್ನು ಎದುರಿಸುವವಳು ಒಬ್ಬ ಹುಡುಗಿಯೇ ಆಗಿರುವಳೆಂಬುದನ್ನು ಎತ್ತಿ ತೋರಿಸಿ, ಪ್ರೇಕ್ಷಕನ ಸಹಾನುಭೂತಿ ಅಂತಿಮವಾಗಿ ಅವಳ ಕಡೆಗೇ ಹರಿಯುತ್ತದೆಂದು ವಾದಿಸಿದಳು. ವೀರಾ ಡೀಕಾ ಎಂಬಾಕೆಯು 1990ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಕಥೆಗಳಿಗೆಲ್ಲ ಎರಡು ಭಾಗಗಳ ಒಂದೇ ಕಟ್ಟು ಇದೆಯೆಂದು ಗುರುತಿಸಿದಳು: ಹಿಂದೆ ನಡೆದ ಒಂದು ಘಟನೆ, ಈಗ ನಡೆಯುವ ಇನ್ನೊಂದು ಘಟನೆ. ಮೊದಲಿನ ಎರಡು ಮತಗಳಲ್ಲಿಯೂ ಸತ್ಯಾಂಶವಿದೆ. ಆದರೆ ಇತಿಹಾಸದ ವಿದ್ಯಾರ್ಥಿಗೆ ಹೆಚ್ಚು ವಿಚಾರಾರ್ಹವಾಗಿ ತೋರುವುದು ಮೂರನೆಯದು. ಡೀಕಾ ಅವರು ಅದನ್ನು ಕಥೆಯ ರಚನೆಯ ದೃಷ್ಟಿಯಿಂದ ವಿವೇಚಿಸಿದರು. ಅದನ್ನು ನ್ಯಾಯದ ದೃಷ್ಟಿಯಿಂದಲೂ ನೋಡಬೇಕೆಂಬುದು ನನ್ನ ಸೂಚನೆ.

ಹಿಂದೆ ನಡೆದ ಆ ಘಟನೆ ಯಾವ ಬಗೆಯದು? ‘ಫ್ರೈಡೇ ದಿ ಥರ್ಟೀನ್ತ್’ ಚಿತ್ರದಲ್ಲಿ 1957ರಲ್ಲಿ, ನೋಡಿಕೊಳ್ಳಬೇಕಾದವರು ತಮ್ಮ ಸುಖದಲ್ಲಿ ಮೈಮರೆತಿರಲು, ಜೇಸನ್ ಎಂಬ ಬಾಲಕನು ಸರೋವರದಲ್ಲಿ ಮುಳುಗುತ್ತಾನೆ. ಸೇಡು ತೀರಿಸಿಕೊಳ್ಳುವವಳು ಅವನ ತಾಯಿ. ‘ಪ್ರಾಮ್ ನೈಟ್’ (1980) ಚಿತ್ರದಲ್ಲಿ ಆಟದಲ್ಲಿ ಹೆದರಿಸಲ್ಪಟ್ಟ ಬಾಲಿಕೆಯೊಬ್ಬಳು ಪಾಳುಕಟ್ಟಡದ ಕಿಟಕಿಯಿಂದ ಬಿದ್ದು ಸಾಯುತ್ತಾಳೆ. ಕಾರಣರಾದ ನಾಲ್ವರು ಮಕ್ಕಳು ಯಾರಿಗೂ ಹೇಳಕೂಡದೆಂದು ಆಣೆಯಿಟ್ಟುಕೊಳ್ಳುತ್ತಾರೆ. ಅಪವಾದ ನಿರಪರಾಧಿಯೊಬ್ಬನ ತಲೆಗೆ ಬರುತ್ತದೆ. ‘ದಿ ಬರ್ನಿಂಗ್’ (1981) ಚಿತ್ರದಲ್ಲಿ ಹುಡುಗರ ಕುಚೋದ್ಯದಿಂದ ಶಿಬಿರದ ಕಾವಲುಗಾರನು ಬೆಂಕಿಯಲ್ಲಿ ಬೇಯುತ್ತಾನೆ. ಇವೆಲ್ಲವುಗಳಲ್ಲಿಯೂ ಸಾಮಾನ್ಯವಾಗಿರುವ ಅಂಶ ಒಂದೇ. ಅಪರಾಧ ನಡೆದಿದೆ, ಅದಕ್ಕೆ ತಕ್ಕ ಶಿಕ್ಷೆಯಾಗಿಲ್ಲ, ಊರು ಅದನ್ನು ಮರೆತಿದೆ, ಅಥವಾ ಮರೆತಂತೆ ನಟಿಸುತ್ತಿದೆ. ಮರೆಯದೆ ಉಳಿದವನು ಕೊಲೆಗಾರನೊಬ್ಬನೇ. ಪ್ರೇಕ್ಷಕನು ಅವನಿಗೆ ಹೆದರುತ್ತಲೇ ಅವನ ಬರವನ್ನು ನಿರೀಕ್ಷಿಸುವುದು ಈ ಕಾರಣದಿಂದ. ತೀರದ ಲೆಕ್ಕವೊಂದು ಎಲ್ಲಿಯೋ ಬರೆದಿಟ್ಟಿದೆ ಎಂಬ ಭಾವನೆ ಭಯವನ್ನು ಹುಟ್ಟಿಸುವಂತೆ ಸಮಾಧಾನವನ್ನೂ ಕೊಡುತ್ತದೆ.

ಈ ವರ್ಗದಲ್ಲಿ ನನಗೆ ಶ್ರೇಷ್ಠವೆಂದು ತೋರುವ ‘ಮೈ ಬ್ಲಡಿ ವ್ಯಾಲೆಂಟೈನ್’ (1981) ಎಂಬ ಕೆನಡಾದ ಚಿತ್ರವನ್ನು ಸ್ವಲ್ಪ ವಿವರವಾಗಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಜಾರ್ಜ್ ಮಿಹಾಲ್ಕನು ನಿರ್ದೇಶಿಸಿದ ಈ ಚಿತ್ರದ ಕಥೆ ನಡೆಯುವುದು ಕಲ್ಲಿದ್ದಲ ಗಣಿಯ ಪುಟ್ಟ ಊರೊಂದರಲ್ಲಿ. ಇಪ್ಪತ್ತು ವರ್ಷಗಳ ಹಿಂದೆ, ವ್ಯಾಲೆಂಟೈನ್ ದಿನದ ನೃತ್ಯಕೂಟಕ್ಕೆ ಹೋಗುವ ಆತುರದಲ್ಲಿ ಇಬ್ಬರು ಮೇಲ್ವಿಚಾರಕರು ಗಣಿಯೊಳಗಿನ ಮೀಥೇನ್ ಅನಿಲದ ಪ್ರಮಾಣವನ್ನು ಪರೀಕ್ಷಿಸದೆ ಹೊರಟುಹೋಗಿದ್ದರು. ಒಳಗೆ ಕಾರ್ಮಿಕರು ಇನ್ನೂ ದುಡಿಯುತ್ತಿದ್ದರು. ಸ್ಫೋಟವಾಯಿತು; ವಾರಗಟ್ಟಲೆ ಅಗೆದ ಮೇಲೆ ಜೀವದಿಂದ ಸಿಕ್ಕಿದವನು ಹ್ಯಾರಿ ವಾರ್ಡನ್ ಒಬ್ಬನೇ, ಅದೂ ಬುದ್ಧಿಭ್ರಮಣೆಯಾಗಿ. ಮರುವರ್ಷ ಅವನು ಆ ಇಬ್ಬರು ಮೇಲ್ವಿಚಾರಕರನ್ನು ಕೊಂದು, ಇನ್ನು ಮುಂದೆ ಈ ಊರಿನಲ್ಲಿ ಆ ನೃತ್ಯಕೂಟ ನಡೆಯಕೂಡದೆಂದು ಎಚ್ಚರಿಕೆ ಕೊಟ್ಟನು. ಈಗ ಊರು ಅದನ್ನು ಮತ್ತೆ ಏರ್ಪಡಿಸುತ್ತದೆ. ಗಣಿಕಾರ್ಮಿಕನ ಉಡುಪು ಮತ್ತು ಅನಿಲ ಮುಖವಾಡವನ್ನು ಧರಿಸಿದವನೊಬ್ಬನು ಗುದ್ದಲಿಯನ್ನು ಹಿಡಿದು ಬರುತ್ತಾನೆ. ಮೊದಲ ಕೊಲೆಯ ಸುದ್ದಿಯನ್ನು ಮುಚ್ಚಿಡುವವರು ಊರಿನ ಅಧ್ಯಕ್ಷನೂ ಪೋಲೀಸ್ ಅಧಿಕಾರಿಯೂ ಎಂಬುದನ್ನು ಗಮನಿಸಬೇಕು.

ಇಲ್ಲಿ ಹಣದ ಕೊರತೆಯೇ ಗುಣವಾಗಿ ಪರಿಣಮಿಸಿದೆ. ದೊಡ್ಡ ನಟರಿಲ್ಲದ ಕಾರಣ ಪಾತ್ರಗಳೆಲ್ಲ ನಿಜವಾದ ಕೂಲಿಗಾರರಂತೆ ಕಾಣುತ್ತವೆ. ಯಾರು ಉಳಿಯುವರೆಂದು ಮುಂದಾಗಿ ಊಹಿಸಲು ಬರುವುದಿಲ್ಲ. ಚಿತ್ರಣ ನಡೆದುದು ನೋವಾ ಸ್ಕೋಷಿಯಾ ಪ್ರಾಂತದ ಸಿಡ್ನಿ ಮೈನ್ಸ್ ಎಂಬ ಊರಿನ ನಿಜವಾದ ಗಣಿಯಲ್ಲಿ. ಚಿತ್ರತಂಡವು ಬರುತ್ತದೆಂದು ಊರವರು ಗಣಿಯನ್ನು ಗುಡಿಸಿ ಬಣ್ಣ ಬಳಿದರೆಂದೂ, ಅದನ್ನು ಮತ್ತೆ ಮಲಿನಗೊಳಿಸಲು ತಂಡವು ಹಣ ವೆಚ್ಚ ಮಾಡಬೇಕಾಯಿತೆಂದೂ ನಿರ್ಮಾಣದಲ್ಲಿ ತೊಡಗಿದ್ದವರು ಸ್ಮರಿಸಿಕೊಂಡಿದ್ದಾರೆ. ತನ್ನ ಕರಿಯನ್ನು ತೊಳೆದುಕೊಳ್ಳುವ ಊರು, ಅದನ್ನು ಮರಳಿ ಹಚ್ಚುವ ಚಿತ್ರ: ಕೃತಿಯ ತಾತ್ಪರ್ಯವೇ ಇದರಲ್ಲಿ ಅಡಗಿದೆ.

ಆ ಪ್ರಾಂತದ ಇತಿಹಾಸವನ್ನು ಬಲ್ಲವರಿಗೆ ಈ ಕಥೆ ಕೇವಲ ಕಲ್ಪನೆಯೆನಿಸದು. ಅಲ್ಲಿಯ ಸ್ಪ್ರಿಂಗ್‌ಹಿಲ್ ಗಣಿಯಲ್ಲಿ 1956ರಲ್ಲಿ ನಡೆದ ಸ್ಫೋಟದಲ್ಲಿ 39 ಮಂದಿ ಸತ್ತರು. 1979ರ ಫೆಬ್ರವರಿಯಲ್ಲಿ, ಎಂದರೆ ಈ ಚಿತ್ರ ತೆರೆಗೆ ಬರುವುದಕ್ಕೆ ಎರಡು ವರ್ಷಗಳ ಮುಂಚೆ, ಸಿಡ್ನಿ ಮೈನ್ಸಿಗೆ ದೂರವಲ್ಲದ ಗ್ಲೇಸ್ ಬೇ ಎಂಬಲ್ಲಿ 12 ಮಂದಿ ಗಣಿಸ್ಫೋಟಕ್ಕೆ ಬಲಿಯಾದರು. ಚಿತ್ರ ಬಂದ ಮೇಲೆ 1992ರಲ್ಲಿ ಅದೇ ಪ್ರಾಂತದ ವೆಸ್ಟ್ರೇ ಗಣಿಯಲ್ಲಿ 26 ಮಂದಿ ಸತ್ತರು. ಅದು ಮುಂದಾಗಿಯೇ ಊಹಿಸಬಹುದಾಗಿದ್ದ ದುರಂತವೆಂದು 1997ರಲ್ಲಿ ವಿಚಾರಣಾ ಆಯೋಗವು ವರದಿ ಮಾಡಿತು. ಆದರೂ ಯಾರೊಬ್ಬರ ಮೇಲೂ ಅಪರಾಧ ಸ್ಥಾಪಿತವಾಗಲಿಲ್ಲ. ನ್ಯಾಯಾಲಯದಲ್ಲಿ ಮುಗಿಯದ ಇಂತಹ ಲೆಕ್ಕವನ್ನು ಜನರ ಕಲ್ಪನೆ ಮುಗಿಸಲೆಳಸಿದರೆ ಆಶ್ಚರ್ಯವೇನು?

ರಕ್ತಪಾತವೇ ಆಕರ್ಷಣೆಯೆನ್ನುವವರಿಗೆ ಈ ಚಿತ್ರದ ಭಾಗ್ಯವೇ ಉತ್ತರವಾಗಿದೆ. ಅಮೆರಿಕದ ಚಿತ್ರ ವರ್ಗೀಕರಣ ಮಂಡಲಿಯ ಒತ್ತಾಯದಿಂದ ಇದರ ಘೋರದೃಶ್ಯಗಳಲ್ಲಿ ಬಹುಪಾಲು ಕತ್ತರಿಸಲ್ಪಟ್ಟವು; ಅವುಗಳಲ್ಲಿ ಕೆಲವನ್ನು ಮರಳಿ ಸೇರಿಸಿದ ಪ್ರತಿ ದೊರೆತುದು 2009ರಲ್ಲಿ. ಎಂದರೆ ಇಪ್ಪತ್ತೆಂಟು ವರ್ಷಗಳ ಕಾಲ ಅಭಿಮಾನಿಗಳು ಮೆಚ್ಚಿದುದು ರಕ್ತವನ್ನು ಹಿಂಡಿ ತೆಗೆದ ಪ್ರತಿಯನ್ನು. ‘ಹ್ಯಾಲೊವೀನ್’ ಚಿತ್ರದಲ್ಲಿಯೂ ರಕ್ತ ಕಾಣಿಸುವುದು ಅತ್ಯಲ್ಪ.

ಇಷ್ಟು ಹೇಳಿದ ಮಾತ್ರಕ್ಕೆ ಈ ಚಿತ್ರಗಳ ನ್ಯಾಯ ನಿರ್ದುಷ್ಟವೆಂದು ಭಾವಿಸಬೇಕಾಗಿಲ್ಲ. ಸೇಡು ಬೀಳುವುದು ತಪ್ಪು ಮಾಡಿದವರ ಮೇಲಲ್ಲ. ಶಿಬಿರದಲ್ಲಿ ಸಾಯುವ ಯುವಕರು 1957ರಲ್ಲಿ ಅಲ್ಲಿರಲಿಲ್ಲ. ವೆಸ್ ಕ್ರೇವನನ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ (1984) ಚಿತ್ರದಲ್ಲಿ ಶಿಶುಘಾತುಕನೊಬ್ಬನನ್ನು ಕಾನೂನಿನ ಹೊರಗೆ ಸುಟ್ಟವರು ತಂದೆತಾಯಿಗಳು, ಸಾಯುವವರು ಮಕ್ಕಳು. ನಮ್ಮ ಓದುಗರಿಗೆ ಇಲ್ಲಿ ಮಹಾಭಾರತದ ಸೌಪ್ತಿಕಪರ್ವ ನೆನಪಾಗದಿರದು. ದ್ರೋಣನನ್ನು ವಂಚನೆಯಿಂದ ಕೆಡಹಿದವರು ಹಿರಿಯರು. ಅಶ್ವತ್ಥಾಮನ ಕೈಯಲ್ಲಿ ಆ ರಾತ್ರಿ ಧೃಷ್ಟದ್ಯುಮ್ನನೊಡನೆ ಸತ್ತವರು ಮಲಗಿದ್ದ ಉಪಪಾಂಡವರು. ಹಿರಿಯರ ಪಾಪವನ್ನು ಕಿರಿಯರು ತೆರುವರೆಂಬ ಈ ಅರಿವು ತರುಣ ಪ್ರೇಕ್ಷಕರನ್ನು ಮುಟ್ಟುವುದು ಸಹಜ. ಆದರೆ ಮಹಾಭಾರತವು ಅಶ್ವತ್ಥಾಮನ ದುಃಖವನ್ನು ತಿಳಿದೂ ಅವನ ಕೃತ್ಯವನ್ನು ಅಧರ್ಮವೆಂದೇ ಎಣಿಸುತ್ತದೆ. ಸ್ಲ್ಯಾಷರ್ ಚಿತ್ರಗಳಲ್ಲಿ ಈ ವಿವೇಚನೆ ದುರ್ಬಲ. ‘ಮೈ ಬ್ಲಡಿ ವ್ಯಾಲೆಂಟೈನ್’ ಕೂಡ ಕೊನೆಯಲ್ಲಿ ಹಿಂಜರಿಯುತ್ತದೆ. ಕೊಲೆಗಾರನು ಅನ್ಯಾಯಕ್ಕೊಳಗಾದ ಕಾರ್ಮಿಕನಲ್ಲ, ಹತನಾದ ಮೇಲ್ವಿಚಾರಕನೊಬ್ಬನ ಮಗ, ಬಾಲ್ಯದಲ್ಲಿ ತಂದೆಯ ಕೊಲೆಯನ್ನು ಕಂಡು ಮನಸ್ಸು ಕೆಟ್ಟವನು ಎಂದು ಹೇಳಿ, ಗಣಿಯ ಪ್ರಶ್ನೆಯನ್ನು ಒಬ್ಬನ ಹುಚ್ಚಿನ ಪ್ರಶ್ನೆಯನ್ನಾಗಿ ಅದು ಮಾರ್ಪಡಿಸಿಬಿಡುತ್ತದೆ.

ಈ ವರ್ಗದ ಅವನತಿಯೂ ನನ್ನ ವಾದವನ್ನೇ ಸಮರ್ಥಿಸುತ್ತದೆ. 1981ರ ಎರಡನೆಯ ‘ಫ್ರೈಡೇ’ ಚಿತ್ರದಲ್ಲಿ ಜೇಸನ್ ಬದುಕಿದ್ದು ಬೆಳೆದು ಕೊಲೆಗಾರನಾಗಿದ್ದಾನೆ. ಅವನು ಮುಳುಗಿ ಸಾಯಲೇ ಇಲ್ಲವಾದರೆ ತಾಯಿಯ ಸೇಡಿಗೆ ಆಧಾರವೆಲ್ಲಿ? 1989ರ ಹೊತ್ತಿಗೆ ಎಂಟು ಚಿತ್ರಗಳು ಬಂದಿದ್ದವು. 1986ರದರಲ್ಲಿ ಅವನು ಸಿಡಿಲು ಬಡಿದು ಗೋರಿಯಿಂದೆದ್ದು ಬರುತ್ತಾನೆ. ಅಶ್ವತ್ಥಾಮನಿಗೆ ಸಾವಿಲ್ಲದಿರುವುದು ಶಾಪ. ಜೇಸನನಿಗೆ ಸಾವಿಲ್ಲದಿರುವುದು ವ್ಯಾಪಾರದ ಅನುಕೂಲ. ಮುಖವಾಡ ಉಳಿಯಿತು, ಕಾರಣ ಅಳಿಯಿತು. ಹಣ ಬಂದಿತೆಂಬುದು ದಿಟ. ಆದರೆ ಮೊದಲಿನ ಭಯ ಮರಳಿ ಬರಲಿಲ್ಲ.

ಹೀಗೆ ನೋಡಿದಾಗ ಈ ಚಿತ್ರಗಳ ಆಕರ್ಷಣೆ ಒಂದು ಕೊರತೆಯ ಸೂಚಕವಾಗಿದೆ. ಅಪರಾಧವನ್ನು ನೆನಪಿಡುವುದು, ಹೊಣೆಗಾರರನ್ನು ಹೆಸರಿಸುವುದು, ಸತ್ತವರನ್ನು ಲೆಕ್ಕಕ್ಕೆ ತರುವುದು ನ್ಯಾಯಾಲಯದ ಕೆಲಸ. ಅಲ್ಲಿ ಆಗದಿದ್ದರೆ ಇತಿಹಾಸಕಾರನ ಕೆಲಸ. ಆ ಇಬ್ಬರೂ ಸುಮ್ಮನಿದ್ದ ಕಡೆ ಜನರು ಅದನ್ನು ಗುದ್ದಲಿ ಹಿಡಿದ ಮುಖವಾಡದವನಿಗೆ ಒಪ್ಪಿಸುತ್ತಾರೆ. ಅವನು ನೆನಪನ್ನೇನೋ ಉಳಿಸುತ್ತಾನೆ. ಆದರೆ ಅಪರಾಧಿಯನ್ನೂ ನಿರಪರಾಧಿಯನ್ನೂ ಬೇರ್ಪಡಿಸಿ ನೋಡಲಾರನು. ಆ ವಿವೇಚನೆಯನ್ನು ಮಾಡಬೇಕಾದವರು ನಾವು. ತರಗತಿಯಲ್ಲಿ ಈ ಚಿತ್ರಗಳ ಮಾತು ಬಂದಾಗ ಅಧ್ಯಾಪಕರು ನಕ್ಕು ಸುಮ್ಮನಾಗದೆ, ಅಲ್ಲಿ ಮೊದಲು ನಡೆದ ತಪ್ಪು ಯಾವುದು, ಅದನ್ನು ಮುಚ್ಚಿಟ್ಟವರು ಯಾರು ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಪಾಠ ವ್ಯರ್ಥವಾಗದೆಂದು ನನ್ನ ನಂಬಿಕೆ.